ಹದಿನೆಂಟನೆಯ ಬಂದೂಕು

ನ್ಯೂಜಿಲೆಂಡಿನ ಫೇರ್ಲಿ ಎಂಬ ಊರಿನ ಕ್ಲೈವ್ ಮೆಕ್ರೇಗೆ ಮನುಷ್ಯರಲ್ಲಿ ಎರಡೇ ಜಾತಿ. ಹಳೆಯ ಸೈನ್ಯದ ಬಂದೂಕನ್ನು ಕಾರ್ಖಾನೆಯಿಂದ ಬಂದಷ್ಟೇ ಉದ್ದಕ್ಕೆ ಉಳಿಸಿಕೊಂಡವರು ಒಂದು ಜಾತಿ, ಅದರ ನಳಿಗೆಯನ್ನು ತುದಿಯವರೆಗೆ ಹೊದ್ದ ಮುಂದಿನ ಮರವನ್ನು ಗರಗಸದಿಂದ ಕೊಯ್ದು ಮೋಟು ಮಾಡಿದವರು ಇನ್ನೊಂದು. ಮೊದಲನೆಯವರನ್ನು ಮನೆಗೆ ಕರೆದು ಚಹಾ ಕೊಡುತ್ತಿದ್ದ. ಎರಡನೆಯವರನ್ನು ಕಟುಕರು ಎನ್ನುತ್ತಿದ್ದ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಆ ಬೆಟ್ಟದ ಸೀಮೆಯಲ್ಲಿ ಸೈನ್ಯದ ಬಂದೂಕನ್ನು ಅಗ್ಗಕ್ಕೆ ಕೊಂಡು, ಹೊರುವ ಭಾರ ಕಡಿಮೆಯಾಗಲಿ ಎಂದು ಮರ ಕೊಯ್ದು, ಜಿಂಕೆ ಹೊಡೆಯಲು ಹೋಗದ ಗಂಡಸೇ ಇರಲಿಲ್ಲ. ಹಾಗಾಗಿ ಅವನ ಲೆಕ್ಕದಲ್ಲಿ ಊರಿನ ಮುಕ್ಕಾಲು ಪಾಲು ಕಟುಕರೇ.

ವಾರವೆಲ್ಲ ಹಾಲಿನ ಟ್ಯಾಂಕರ್ ಓಡಿಸಿ, ಶನಿವಾರ ಬಂತೆಂದರೆ ಕ್ಲೈವ್ ಹಿತ್ತಲ ಕೋಣೆ ಸೇರುತ್ತಿದ್ದ. ಅಲ್ಲಿ ಗೋಡೆಗೆ ಹದಿನೆಂಟು ಬಂದೂಕು ನಿಲ್ಲಿಸುವಂಥ ಮರದ ಚೌಕಟ್ಟು ಹಾಕಿಸಿದ್ದ. ಹದಿನೇಳು ಜಾಗ ತುಂಬಿದ್ದವು. ಬ್ರಿಟಿಷರದು, ಜರ್ಮನರದು, ರಷ್ಯನ್ನರದು, ಎಲ್ಲವೂ ಒಂದೊಂದು ಗುಂಡಿಗೂ ಬೋಲ್ಟನ್ನು ಕೈಯಿಂದ ಎಳೆದು ದೂಡಬೇಕಾದ ಕಾಲದವು, ಎಲ್ಲವೂ ಪೂರಾ ಉದ್ದದವು. ಮೋಟು ಬಂದೂಕಿಗೆ ಆ ಕೋಣೆಯಲ್ಲಿ ಪ್ರವೇಶವಿಲ್ಲ. ಹದಿನೆಂಟನೆಯ ಜಾಗವನ್ನು ನ್ಯೂಜಿಲೆಂಡ್ ಸೈನ್ಯದ ಬಾಣದ ಗುರುತು ಒತ್ತಿರುವ ಉದ್ದ ಎನ್‌ಫೀಲ್ಡ್ ಬಂದೂಕಿಗೆಂದು ಹನ್ನೊಂದು ವರ್ಷದಿಂದ ಖಾಲಿ ಬಿಟ್ಟಿದ್ದ. ಸಿಕ್ಕಿದವೆಲ್ಲ ಮೋಟು.

"ಆ ಜಾಗದಲ್ಲಿ ನನ್ನ ಪೊರಕೆ ನಿಲ್ಲಿಸ್ತೀನಿ ಬಿಡಿ, ಅದೂ ಉದ್ದಾನೇ ಇದೆ," ಎಂದು ಅವನ ಹೆಂಡತಿ ಶೋನಾ ಆಗಾಗ ಹೇಳುವುದಿತ್ತು.

ಆ ವರ್ಷ, ಅಂದರೆ ತೊಂಬತ್ತಾರರಲ್ಲಿ, ಏಪ್ರಿಲ್ ಮೊದಲ ಶನಿವಾರ ಊರಿನ ಸಭಾಭವನದಲ್ಲಿ ಸಂಗ್ರಹಕಾರರ ಸಂಘದ ಪ್ರದರ್ಶನ ನಡೆಯಿತು. ಕ್ಲೈವ್ ಮೇಜು ಹಾಕಿಕೊಂಡು, ಸುತ್ತ ಹತ್ತು ಜನರನ್ನು ಕಟ್ಟಿಕೊಂಡು, ತನಗೆ ಗೊತ್ತಿದ್ದದ್ದನ್ನೆಲ್ಲ ಹೇಳುತ್ತ ಕುಳಿತಿದ್ದ. ಗೊತ್ತಿದ್ದದ್ದು ಬಹಳ ಇತ್ತು. ಹತ್ತು ಗಜ ದೂರದಿಂದ ಒಂದು ತಿರುಪು ನೋಡಿ ಯಾವ ಬಂದೂಕಿನದೆಂದು ಹೇಳಬಲ್ಲವನೆಂದು ಸಂಘದಲ್ಲಿ ಅವನಿಗೆ ಹೆಸರಿತ್ತು. ಆ ಹೆಸರು ಅವನಿಗೂ ಇಷ್ಟವಿತ್ತು.

ಆಗ ಒಬ್ಬ ಮುದುಕ ಬಂದ. ಎಪ್ಪತ್ತು ದಾಟಿದ, ಅಗಲ ಭುಜದ ಆಳು. ಗೋಣಿಚೀಲದಲ್ಲಿ ಸುತ್ತಿದ್ದನ್ನು ಮೇಜಿನ ಮೇಲಿಟ್ಟು ಬಿಚ್ಚಿದ. ಉದ್ದ ಎನ್‌ಫೀಲ್ಡ್. ಆದರೆ ಮುಂದಿನ ಮರ ಅರ್ಧಕ್ಕೇ ನಿಂತು, ಮುಂದೆ ಬರಿಯ ನಳಿಗೆ ಬೋಳಾಗಿ ಚಾಚಿಕೊಂಡಿತ್ತು. ಮರದ ತುದಿಯಂತೂ ಚಿಂದಿಚಿಂದಿ.

"ಯಾರಪ್ಪಾ ಈ ಕಟುಕ?" ಎಂದ ಕ್ಲೈವ್, ಎಲ್ಲರಿಗೂ ಕೇಳುವ ಹಾಗೆ. "ಗರಗಸಕ್ಕೂ ಗತಿ ಇರ್ಲಿಲ್ವಾ? ಇಲಿ ಕಡಿದ ಹಾಗಿದೆಯಲ್ಲ!"

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಮುದುಕ ನಗಲಿಲ್ಲ, ಸಿಟ್ಟೂ ಆಗಲಿಲ್ಲ.

"ನಾನೇ ಕಣಯ್ಯಾ," ಎಂದ. "ಗರಗಸ ಇರ್ಲಿಲ್ಲ. ಸೊಂಟದಲ್ಲಿ ಚಾಕು ಇತ್ತು. ಸುತ್ತ ಚಾಕುನಲ್ಲಿ ಕೊರೆದು, ಕಲ್ಲಿಗೆ ಬಡಿದು ಮುರಿದೆ."

"ಏನು ಯಜಮಾನ್ರೇ, ಅಂಥಾ ಅವಸರ?"

"ಅವಸರ ಇತ್ತು."

ಅಷ್ಟು ಹೇಳಿ ಮುದುಕ ಅವನ ಮುಖವನ್ನೇ ನೋಡಿದ. "ನೀನು ಹ್ಯೂ ಮೆಕ್ರೇ ಮಗ ಅಲ್ವಾ? ನಿಮ್ಮಪ್ಪ ಕಡೇತನಕ ನಡ್ಕೊಂಡು ಓಡಾಡ್ತಿದ್ನಾ?"

"ಓಡಾಡ್ತಿದ್ರು. ಒಂಚೂರು ಕುಂಟ್ತಿದ್ರು ಅಷ್ಟೆ. ಹೋದ ಚಳಿಗಾಲ ತೀರ್ಕೊಂಡ್ರು."

"ಗೊತ್ತಾಯ್ತು. ತಡವಾಗಿ ಗೊತ್ತಾಯ್ತು. ನಡೀತಿದ್ನಲ್ಲ, ಸಾಕು."

ಕ್ಲೈವನ ಕಿವಿ ಇಲ್ಲಿತ್ತೇ ಹೊರತು ಕಣ್ಣು ಅಷ್ಟರಲ್ಲಿ ಬಂದೂಕಿನ ಲೋಹಕ್ಕೆ ಅಂಟಿಹೋಗಿತ್ತು. ಬೋಲ್ಟಿನ ಬದಿಯಲ್ಲಿ ಬಾಣದ ಗುರುತು ನಿನ್ನೆ ಒತ್ತಿದ ಹಾಗೆ ಚೊಕ್ಕಟವಾಗಿತ್ತು. ಹಾಗಾಗಿ ಮುದುಕನ ಪ್ರಶ್ನೆ ಅವನ ತಲೆಯೊಳಗೆ ಇಳಿಯಲೇ ಇಲ್ಲ.

"ನಾನು ನೆಲ್ಸನ್‌ಗೆ ಮಗಳ ಮನೆಗೆ ಹೋಗ್ತಿದೀನಿ. ಅಲ್ಲಿ ಇದನ್ನ ಇಡಕ್ಕಾಗಲ್ಲ. ನೀನು ಇಟ್ಕೋ. ದುಡ್ಡುಗಿಡ್ಡು ಬೇಡ," ಎಂದ ಮುದುಕ. ಬಂದೂಕು ಕೈಬದಲಿಸುವ ಕಾಗದಕ್ಕೆ ಸಹಿ ಹಾಕಿದ, ಅರ್ನಿ ಸ್ಟೋಬೋ ಎಂದು. ಸೋಮವಾರ ಬೆಳಿಗ್ಗೆ ಬಸ್ಸು, ಅಲ್ಲಿಯವರೆಗೆ ಪೆಟ್ರೋಲ್ ಬಂಕಿನ ಪಕ್ಕದ ಮೋಟೆಲಿನಲ್ಲಿರುವೆನೆಂದು ಹೇಳಿ ಹೊರಟುಹೋದ.

ಕ್ಲೈವ್ ಮನೆಗೆ ಬಂದವನೇ ಹತ್ತಿರದ ತಿಮರು ಪಟ್ಟಣದ ಮರಗೆಲಸದವನಿಗೆ ಫೋನು ಮಾಡಿದ. ಹಳೆಯ ಮರ ಬಿಚ್ಚಿ ಒಲೆಗೆ ಹಾಕಿಬಿಡು, ಪೂರಾ ಉದ್ದದ ಹೊಸ ಮರ ಕೂರಿಸು, ಮಂಗಳವಾರ ತರುತ್ತೇನೆ ಎಂದ. ಹನ್ನೊಂದು ವರ್ಷದ ಖಾಲಿ ಜಾಗ ತುಂಬುವ ದಿನ ಬಂತೆಂದು ಮಗುವಿನ ಹಾಗೆ ಹಿಗ್ಗಿದ.

ಭಾನುವಾರ ಮಧ್ಯಾಹ್ನ ಅಮ್ಮನ ಮನೆಯಲ್ಲಿ ಊಟ. ಬಂದೂಕನ್ನು ಬಿಟ್ಟು ಬರಲಾರದೆ ಅದನ್ನೂ ಹೊತ್ತುಕೊಂಡೇ ಹೋದ. ಅವನ ಅಮ್ಮ ನೋಲಾ ಒಲೆಯಿಂದ ಕುರಿತೊಡೆ ಹೊರತೆಗೆಯುತ್ತಿದ್ದಳು. ಅಡುಗೆಮನೆಯೆಲ್ಲ ಹೊಗೆ. ಅವಳು ಕಿಟಕಿಯ ಗಾಜಿನ ಚೌಕಟ್ಟನ್ನು ಮೇಲಕ್ಕೆ ದೂಡಿ, ಅದರ ಕೆಳಗೆ ಎಂದಿನ ಬಿಳಿ ಕೋಲನ್ನು ಆನಿಸಿ ನಿಲ್ಲಿಸಿದಳು. ಚೌಕಟ್ಟನ್ನು ಎತ್ತಿ ಹಿಡಿಯಬೇಕಾದ ಆ ಕಿಟಕಿಯ ಹಗ್ಗ ಹರಿದು ಯಾವ ಕಾಲವಾಯಿತೋ.

ಕ್ಲೈವ್ ಮೇಜಿನ ಮೇಲೆ ಬಂದೂಕು ಚಾಚಿ, ನಿನ್ನೆಯ ಕಥೆಯನ್ನು ಉಪ್ಪುಖಾರ ಹಚ್ಚಿ ಹೇಳಿದ. ಇಲಿ ಕಡಿದದ್ದು, ಜನ ನಕ್ಕದ್ದು, ಯಾವುದನ್ನೂ ಬಿಡಲಿಲ್ಲ.

"ಆ ಮುದುಕನ ಹೆಸರೇನೋ?" ಎಂದಳು ನೋಲಾ ಮಾಂಸ ಕೊಯ್ಯುತ್ತ.

"ಅರ್ನಿ ಸ್ಟೋಬೋ ಅಂತೆ."

ಅವಳ ಕೈ ನಿಂತಿತು. ಚಾಕು ಕೆಳಗಿಟ್ಟು ಕುರ್ಚಿ ಎಳೆದು ಕುಳಿತಳು.

"ಅರ್ನಿಗೆ ಕಟುಕ ಅಂದ್ಯೇನೋ? ಹತ್ತು ಜನರ ಮುಂದೆ?"

"ನನಗೇನಮ್ಮ ಗೊತ್ತು, ಅವನ್ಯಾರೋ..."

"ನಿಮ್ಮಪ್ಪನ್ನ ಬೆನ್ನ ಮೇಲೆ ಹೊತ್ಕೊಂಡು ಬಂದೋನು ಕಣೋ ಅವನು! ಎರಡು ದಿನ! ಐವತ್ನಾಲ್ಕನೇ ಇಸವಿ, ಇಬ್ಬರೂ ಸರ್ಕಾರದ ಸಂಬಳಕ್ಕೆ ಜಿಂಕೆ ಹೊಡೆಯೋ ಕೆಲಸದಲ್ಲಿದ್ರು. ಬೆಟ್ಟದ ತುದಿ ಹತ್ರ ಜಲ್ಲಿ ಇಳಿಜಾರಲ್ಲಿ ಜಾರಿ ನಿಮ್ಮಪ್ಪನ ಮೊಣಕಾಲಿನ ಕೆಳಗಿನ ಮೂಳೆ ಚರ್ಮ ಸೀಳ್ಕೊಂಡು ಈಚೆ ಬಂದಿತ್ತು. ಅವನ ಬಂದೂಕು ಕಮರಿಗೆ ಬಿತ್ತು. ಅರ್ನಿ ಕಾಲು ನೆಟ್ಟಗೆ ಮಾಡಿ ಕಟ್ಟಿ ಹೊತ್ತು ತಂದ. ಕಟ್ಟಿದೋನೇ ಕಾಲು ಉಳಿಸಿದ್ದು, ನಾನಲ್ಲ ಅಂದ್ರು ತಿಮರು ಡಾಕ್ಟ್ರು."

"ನನಗೆ ಕುದುರೆ ಮೇಲಿಂದ ಬಿದ್ದೆ ಅಂತಿದ್ರು!"

"ನಾನೇ ಹಾಗೆ ಹೇಳ್ಸಿದ್ದು. ನಿಜ ಹೇಳಿದ್ರೆ ನೀನೂ ಬೆಟ್ಟಕ್ಕೆ ಓಡ್ತಿದ್ದೆ. ಒಂದು ಮನೆಗೆ ಒಂದು ಕುಂಟು ಕಾಲು ಸಾಕು."

ಬೆಟ್ಟದ ಆ ಎತ್ತರ ಕ್ಲೈವನಿಗೆ ಗೊತ್ತು. ಕಾಡು ಮುಗಿದು, ಬರಿಯ ಹುಲ್ಲು, ಕಲ್ಲು, ಗಾಳಿ.

"ಅಮ್ಮ, ಕಾಲಿಗೆ ಏನು ಕೊಟ್ಟು ಕಟ್ಟಿದ? ಅಲ್ಲಿ ಮರ ಎಲ್ಲಿದೆ? ಹಲ್ಲು ಚುಚ್ಚಕ್ಕೂ ಕಡ್ಡಿ ಸಿಗಲ್ಲ."

"ಅದೆಲ್ಲ ನಾನು ಕೇಳ್ಲಿಲ್ಲಪ್ಪ. ಆಸ್ಪತ್ರೆಯಿಂದ ಬರೋವಾಗ ಆ ಕೋಲು ಕೈಲಿ ಹಿಡ್ಕೊಂಡೇ ಬಂದ, ಅಷ್ಟು ಗೊತ್ತು," ಎಂದು ನೋಲಾ ಕಿಟಕಿಯ ಕಡೆ ಗಲ್ಲ ತೋರಿಸಿದಳು.

ಕ್ಲೈವ್ ಎದ್ದು ಹೋಗಿ ಕೋಲು ತೆಗೆದ. ಕಿಟಕಿ ದಡಾರನೆ ಬಿತ್ತು, ಅದರ ಕಡೆ ಅವನು ನೋಡಲೂ ಇಲ್ಲ. ಮೊಳಕ್ಕೆ ಚೂರು ಕಡಿಮೆ ಉದ್ದದ ಮರ. ಕಿಟಕಿಗೆ ಬಳಿದಾಗಲೆಲ್ಲ ಇದಕ್ಕೂ ಬಿಳಿ ಬಣ್ಣ ಬಳಿದು ದಪ್ಪನೆ ಪದರ ಕಟ್ಟಿತ್ತು. ಮಗುಚಿದರೆ ಒಳಬದಿಯಲ್ಲಿ ಉದ್ದಕ್ಕೂ ನುಣುಪಾದ ಕಾಲುವೆ, ಸರಿಯಾಗಿ ಒಂದು ನಳಿಗೆ ಕೂರುವಷ್ಟು. ಒಂದು ತುದಿಯಲ್ಲಿ ತಿರುಪಿನ ತೂತು. ಇನ್ನೊಂದು ತುದಿ ಚಿಂದಿಚಿಂದಿ.

ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಹತ್ತು ಗಜದಿಂದ ತಿರುಪು ಗುರುತಿಸುವ ಈ ಮಹಾಶಯ, ಹುಟ್ಟಿದಂದಿನಿಂದ ಉದ್ದ ಎನ್‌ಫೀಲ್ಡಿನ ಮರದ ಪಕ್ಕದಲ್ಲಿ ಕುಳಿತು ಗಂಜಿ ಕುಡಿದು, ಬ್ರೆಡ್ಡು ತಿಂದು, ದೊಡ್ಡವನಾಗಿದ್ದ.

ಕೋಲಿನ ಚಿಂದಿ ತುದಿಯನ್ನು ಬಂದೂಕಿನ ಚಿಂದಿ ತುದಿಗೆ ತಾಗಿಸಿದ. ಹರಿದ ಕಾಗದದ ಎರಡು ತುಂಡಿನ ಹಾಗೆ, ಇಲ್ಲಿಯ ಹಲ್ಲು ಅಲ್ಲಿಯ ಸಂದಿಗೆ, ಅಲ್ಲಿಯದು ಇಲ್ಲಿಗೆ, ಎಲ್ಲ ಕೂತವು. ಮೇಜಿನ ಮೇಲೆ ಪೂರಾ ಉದ್ದದ ಬಂದೂಕು ಮಲಗಿತ್ತು, ಅರ್ಧ ಅಕ್ರೋಟು ಮರದ ಬಣ್ಣ, ಅರ್ಧ ಬಿಳಿ. ಅಮ್ಮನಿಗೆ ವಿವರಿಸುವ ಅಗತ್ಯ ಬೀಳಲಿಲ್ಲ. ಅವಳ ಕಣ್ಣು ತುಂಬಿತ್ತು.

"ಊರಿನ ಟ್ರ್ಯಾಕ್ಟರೆಲ್ಲ ರಿಪೇರಿ ಮಾಡ್ತಿದ್ದ ಮನುಷ್ಯ, ಈ ಕಿಟಕಿಗೆ ಒಂದು ಹಗ್ಗ ಕಟ್ಲಿಲ್ಲ," ಎಂದಳು. "ಬೆಳಿಗ್ಗೆ ಎದ್ದ ಕೂಡ್ಲೇ ಕಿಟಕಿ ಎತ್ತಬೇಕು, ಆ ಕೋಲು ಕೊಡಬೇಕು. ಹಿಮ ಬೀಳೋ ದಿನಾನೂ! ಚಳಿಗೆ ಸಾಯ್ತೀನಿ ಅಂತ ನಾನು ದಿನಾ ಬಯ್ತಿದ್ದೆ. ಒಂದು ನಿಮಿಷ ಇರೇ ಅಂತಿದ್ದ. ದಿನಾ ಬೆಳಿಗ್ಗೆ ಅರ್ನೀನ ನೆನೆಸ್ಕೊಳ್ತಿದ್ದ ಕಣೋ, ನಂಗೆ ಗೊತ್ತೇ ಆಗ್ಲಿಲ್ಲ."

ಮೂಗು ಒರೆಸಿಕೊಂಡು ಕೋಲನ್ನು ಮಗನ ಕಡೆ ದೂಡಿದಳು. "ತಗೊಂಡು ಹೋಗು. ಅಂಟಿಸ್ಕೋ. ನಿನ್ನ ಗೋಡೆ ತುಂಬುತ್ತೆ. ಕಿಟಕಿಗೆ ಇನ್ನೊಂದು ಕೋಲು ಸಿಗಲ್ವಾ?"

ಕ್ಲೈವನಿಗೆ ಆಸೆ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಹೊಸ ಮರವಲ್ಲ, ಅದರದೇ ಮರ! ಸಂಗ್ರಹಕಾರನ ಜನ್ಮದಲ್ಲಿ ಇಂಥದ್ದು ಒಮ್ಮೆಯೂ ಒದಗುವುದಿಲ್ಲ.

ಊಟ ಹಾಗೇ ಬಿಟ್ಟು, ಒಂದು ತಟ್ಟೆಯಲ್ಲಿ ಮಾಂಸ, ಆಲೂಗಡ್ಡೆ, ಪುದೀನ ಸಾಸು ಹಾಕಿ ಬಟ್ಟೆ ಮುಚ್ಚಿಕೊಂಡು, ಬಂದೂಕು ಕೋಲು ಎರಡನ್ನೂ ಹಿಡಿದು ಇಬ್ಬರೂ ಮೋಟೆಲಿಗೆ ಹೋದರು. ಅರ್ನಿ ಬಾಗಿಲ ಮುಂದಿನ ಬೆಂಚಿನ ಮೇಲೆ ಬಿಸಿಲಿಗೆ ಬೆನ್ನುಕೊಟ್ಟು ಕುಳಿತಿದ್ದ. ಅಗಲವಾದ ಆ ಬೆನ್ನನ್ನು ನೋಡಿ ಕ್ಲೈವ್ ಹೆಜ್ಜೆ ನಿಧಾನ ಮಾಡಿದ. ಅಪ್ಪ ಎರಡು ದಿನ ಕಳೆದ ಜಾಗ ಅದು.

"ನಿಮ್ಮನ್ನ ಕಟುಕ ಅಂದೆ," ಎಂದ. "ಆಡಿದ ಮಾತು ವಾಪಸ್ ಬರಲ್ಲ, ಗೊತ್ತು. ಕ್ಷಮಿಸಿಬಿಡಿ. ನೀವು ಅವತ್ತು ಇದನ್ನ ಮುರೀದೇ ಇದ್ದಿದ್ರೆ ನಾನೇ ಹುಟ್ತಿರ್ಲಿಲ್ಲ. ಅಪ್ಪ ಬಾಯಿಬಿಟ್ಟು ಹೇಳಿದ್ರೋ ಇಲ್ವೋ. ನಾನು ಹೇಳ್ತೀನಿ. ನಿಮ್ಮ ಉಪಕಾರ ತೀರ್ಸಕ್ಕಾಗಲ್ಲ."

ಅರ್ನಿ ಅವನ ಕೈಯಿಂದ ಕೋಲು ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದ.

"ಇದಕ್ಕೆ ಬಿಳಿ ಬಣ್ಣ ಬಳಿದೋರು ಯಾರು?"

"ನಾನೇ," ಎಂದಳು ನೋಲಾ.

"ನೋಡಯ್ಯಾ! ಈಗ ಹೇಳು, ಕಟುಕ ನಾನೋ ನಿಮ್ಮಮ್ಮನೋ?"

ಮೂವರೂ ನಕ್ಕರು. ನಗು ನಿಂತ ಮೇಲೆ ಅರ್ನಿ ಎರಡು ತುಂಡನ್ನೂ ತೊಡೆಯ ಮೇಲಿಟ್ಟು ಜೋಡಿಸಿದ.

"ಎಲ್ರೂ ಕೊಯ್ಸಿದ್ರು. ನಾನೊಬ್ನೇ ಕೊಯ್ಸಿರ್ಲಿಲ್ಲ. ನಮ್ಮ ದೊಡ್ಡಪ್ಪ ಕೊಟ್ಟಿದ್ದು, ಹೇಗಿತ್ತೋ ಹಾಗೇ ಇರ್ಲಿ ಅಂತ ಹಟ. ಬೇಲಿ ಕಂಬ ಹೊತ್ಕೊಂಡು ತಿರುಗ್ತೀಯಲ್ಲೋ ಅಂತ ಹ್ಯೂ ಆಡ್ಕೋತಿದ್ದ. ಅವತ್ತು ಚಾಕು ಹಾಕೋವಾಗ ನಂಗೆ ಅಳು ಬಂದ್ಬಿಡ್ತು. ಅಂಥಾ ನೋವಲ್ಲೂ ಅವನು ನಕ್ಕ. ನನ್ನ ಕಾಲಿಗೆ ಅಳೋದು ಬಿಟ್ಟು ಮರಕ್ಕೆ ಅಳ್ತೀಯಲ್ಲೋ ಅಂದ."

ಕ್ಲೈವನಿಗೆ ಆ ಅಳು ಅರ್ಥವಾಯಿತು. ಊರಿನಲ್ಲಿ ಬೇರೆ ಯಾರಿಗೂ ಆಗದಷ್ಟು ಅರ್ಥವಾಯಿತು. ತನ್ನ ಜಾತಿಯವನನ್ನೇ ತಾನು ಜಾತಿಯಿಂದ ಹೊರಗೆ ಹಾಕಿದ್ದ.

"ಬಣ್ಣ ಕೆರೆದು, ಗೋಂದು ಹಾಕಿ ಕೂರ್ಸು," ಎಂದ ಅರ್ನಿ. "ಗೊತ್ತೇ ಆಗಲ್ಲ. ಅದಿನ್ನು ಉದ್ದಕ್ಕೆ ನಿಂತ್ಕೊಳ್ಳಲಿ. ನನಗೂ ಸಂತೋಷಾನೇ."

ಕ್ಲೈವ್ ಎರಡೂ ತುಂಡು ಸೇರಿದ ಜಾಗವನ್ನು ಒಂದು ಗಳಿಗೆ ನೋಡಿದ. ಹನ್ನೊಂದು ವರ್ಷ ಕಾದದ್ದು ಆ ಗೆರೆಯಲ್ಲಿತ್ತು.

"ಬೇಡ ಯಜಮಾನ್ರೇ," ಎಂದ. "ಗೊತ್ತಾಗ್ಬೇಕು. ಅದಕ್ಕೇ ಬೇಡ."

ಸೋಮವಾರ ಬಸ್ಸಿಗೆ ಮೊದಲು ಅರ್ನಿ ನೋಲಾಳ ಮನೆಗೆ ತಿಂಡಿಗೆ ಬಂದ. ಏಪ್ರಿಲಿಗೇ ಚಳಿ ಇಳಿಯುವ ಸೀಮೆ, ಹೊರಗೆ ಹಿಮಗಾಳಿ ಶುರುವಾಗಿತ್ತು. ಕಿಟಕಿ ಎತ್ತಿ ಕೋಲು ಕೊಟ್ಟವನು ಅವನೇ. ಅದು ಭಾರ ಹೊತ್ತು ನಿಂತದ್ದನ್ನು ನೋಡಿ, ಪರವಾಗಿಲ್ಲ, ಇನ್ನೂ ಗಟ್ಟಿ ಇದೆ ಎಂದ. ನೋಲಾ ಚಳಿ ಎಂದು ಬಯ್ಯಲಿಲ್ಲ. ಶಾಲು ಹೊದ್ದು ಚಹಾ ಬಗ್ಗಿಸಿದಳು.

ಕ್ಲೈವ್ ತಿಮರುವಿನವನಿಗೆ ಬರುವುದಿಲ್ಲವೆಂದು ಫೋನು ಮಾಡಿದ. ಮುಂದಿನ ಶನಿವಾರ ಸಂಘದ ಕಾರ್ಯದರ್ಶಿ ಬ್ಯಾಝ್ ಅವನ ಕೋಣೆಗೆ ಬಂದು, ಉದ್ದುದ್ದ ಹದಿನೇಳರ ಪಕ್ಕ ನಿಂತ ಹದಿನೆಂಟನೆಯದನ್ನು ನೋಡಿ ಬಾಯಿಬಿಟ್ಟ.

"ಇದೇನಯ್ಯಾ ಕ್ಲೈವ್, ಮೋಟು! ನಿನ್ನ ಗೋಡೆ ಮೇಲೆ! ಇದರ ಉಳಿದರ್ಧ ಎಲ್ಲಿ?"

"ಉಳಿದದ್ದು ನಮ್ಮಮ್ಮನ ಮನೇಲಿ ಡ್ಯೂಟಿ ಮೇಲಿದೆ," ಎಂದ ಕ್ಲೈವ್, ಗಾಡಿಯ ಕೀಲಿ ಕೈಗೆತ್ತಿಕೊಂಡು. "ಬಾ, ತೋರಿಸ್ತೀನಿ. ಕೋಟು ಹಾಕ್ಕೊಂಡು ಬಾ, ಕಿಟಕಿ ತೆಗೆದಿರುತ್ತೆ."