ಭಾವ ಓದಿದ ಪುಸ್ತಕಗಳು

"ನಿಮ್ಮ ಭಾವನ್ನ ಕರ್ಕೊಂಡು ಹೋದ್ರು ಕಣೇ," ಎಂದಳು ಅಕ್ಕ. ಗ್ರಂಥಾಲಯದಲ್ಲಿ ದನಿ ತಗ್ಗಿಸಿ ಮಾತಾಡಬೇಕೆಂಬ ನಿಯಮ ಅವಳಿಗೆ ಎಂದೂ ಹಿಡಿಸಿರಲಿಲ್ಲ. ಇವತ್ತಂತೂ ಅದು ನೆನಪಿಗೇ ಬರಲಿಲ್ಲ. "ಅಂಗಡಿ ಬಾಗಿಲಿಗೇ ಜೀಪು ತಂದು ನಿಲ್ಸಿ, ಕೈಲಿದ್ದ ಸ್ಕ್ರೂಡ್ರೈವರ್ ಸಮೇತ ಹತ್ತಿಸ್ಕೊಂಡ್ರು."

ಪತ್ರಿಕೆಗಳ ಮೇಜಿನ ಸುತ್ತ ಕೂತಿದ್ದ ನಿವೃತ್ತರೆಲ್ಲ ಒಟ್ಟಿಗೆ ಪತ್ರಿಕೆ ಎತ್ತಿ ಮುಖಕ್ಕೆ ಅಡ್ಡ ಹಿಡಿದರು. ಅದು ಓದುವುದಕ್ಕಲ್ಲ, ಸರಿಯಾಗಿ ಕೇಳಿಸಿಕೊಳ್ಳುವುದಕ್ಕೆ.

"ಯಾಕಂತೆ?" ಎಂದಳು ಗ್ರಂಥಪಾಲಕಿ.

"ಓದಿದ್ದಕ್ಕಂತೆ."

"ಏನು ಓದಿದ್ದಕ್ಕೆ?"

"ಅದನ್ನೇ ನಾನೂ ಕೇಳಿದ್ದು! ಒಂದಲ್ಲ ಎರಡಲ್ಲ, ಒಂದು ಡಜನ್ ಪುಸ್ತಕವಂತೆ. ಅಲ್ಲಾ ಸ್ವಾಮಿ, ನಮ್ಮೆಜಮಾನ್ರು ಔಷಧಿ ಬಾಟ್ಲಿ ಮೇಲಿರೋ ಚೀಟಿನೂ ನನ್ನ ಹತ್ರಾನೇ ಓದಿಸ್ಕೋತಾರೆ, ನೀವು ಬೇರೆ ಯಾರನ್ನೋ ಹುಡುಕ್ತಾ ಇದೀರಿ ಅಂದೆ. ನಕ್ಕು, ಸುಮ್ನೆ ಒಳಗೆ ಹೋಗಮ್ಮ ಅಂದ್ರು. ನೀನು ಓದಿದವಳು, ನೀನು ಹೇಳಿದ್ರೆ ಕೇಳ್ತಾರೆ. ಬಾ."

ಗ್ರಂಥಪಾಲಕಿ ಎದ್ದಳು. ಆದರೆ ಬಾಗಿಲ ಕಡೆಗೆ ಹೋಗಲಿಲ್ಲ. ಅಕ್ಕನ ಕೈ ಹಿಡಿದು, ಕಪಾಟುಗಳ ಸಂದಿಯಲ್ಲಿ ನಡೆಸಿಕೊಂಡು, ಹಳೆಯ ಪುಸ್ತಕಗಳ ಕೋಣೆಗೆ ಕರೆತಂದು ಬಾಗಿಲು ಮುಚ್ಚಿದಳು. ಭಾವನ ಹೆಸರಿನಲ್ಲಿ ಆ ಒಂದು ಡಜನ್ ಪುಸ್ತಕ ಒಯ್ದಂತೆ ದಾಖಲೆ ಮಾಡಿದವಳು ಅವಳೇ.

ಕೇಂದ್ರ ಕಚೇರಿಯದೊಂದು ನಿಯಮವಿತ್ತು. ಮೂರು ವರ್ಷ ಯಾರೂ ಮನೆಗೆ ಒಯ್ಯದ ಪುಸ್ತಕ ಸತ್ತ ಪುಸ್ತಕ. ವರ್ಷಕ್ಕೊಮ್ಮೆ ಲಾರಿ ಬಂದು ಸತ್ತವನ್ನೆಲ್ಲ ಕಾಗದದ ಕಾರ್ಖಾನೆಗೆ ಹೊತ್ತೊಯ್ಯುತ್ತಿತ್ತು. ಅಲ್ಲಿ ಅವು ಮರುಜನ್ಮ ಪಡೆದು ಮೊಟ್ಟೆ ಇಡುವ ತಟ್ಟೆಗಳಾಗುತ್ತಿದ್ದವು. ಲಾರಿ ಬರುವ ಮುನ್ನ ಗ್ರಂಥಪಾಲಕರೆಲ್ಲ ತಮಗೆ ಬೇಕಾದ ನಾಲ್ಕಾರು ಪುಸ್ತಕಗಳನ್ನು ಯಾರದೋ ಕಾರ್ಡಿಗೆ ಬರೆದು, ಮಾರನೆಯ ದಿನ ವಾಪಸು ತೋರಿಸಿ, ಇನ್ನು ಮೂರು ವರ್ಷ ಆಯುಸ್ಸು ಕೊಡುತ್ತಿದ್ದರು. ಎಲ್ಲ ಶಾಖೆಗಳಲ್ಲೂ ಎಲ್ಲರೂ ಮಾಡುತ್ತಿದ್ದದ್ದೇ. ಪಕ್ಕದ ಶಾಖೆಯವನು ತೀರಿಕೊಂಡ ಸದಸ್ಯರ ಕಾರ್ಡು ಬಳಸುತ್ತಿದ್ದ. ಸತ್ತವರ ಹೆಸರು ಹಾಳು ಮಾಡುವುದು ಇವಳಿಗೆ ಸರಿಕಾಣಲಿಲ್ಲ. ಬದುಕಿದ್ದವರನ್ನೇ ಆರಿಸಿಕೊಂಡಳು.

ಬದುಕಿದ್ದವರಲ್ಲಿ ಭಾವನಷ್ಟು ಅನುಕೂಲದವರು ಬೇರೆ ಇರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಸದಸ್ಯರ ಸಂಖ್ಯೆ ಏರಿಸಬೇಕೆಂದು ಮೇಲಿನವರು ಬೆನ್ನು ಹತ್ತಿದಾಗ ಮನೆಮಂದಿಗೆಲ್ಲ ಕಾರ್ಡು ಮಾಡಿಸಿದ್ದಳು. ಉಳಿದವರು ಅದನ್ನು ಕಳೆದುಕೊಂಡರು. ಭಾವ ಮಾತ್ರ ಜೋಪಾನವಾಗಿಟ್ಟುಕೊಂಡರು. ಹೊಲಿಗೆ ಯಂತ್ರದ ಹಲ್ಲುಗಳ ನಡುವೆ ಸಿಕ್ಕಿಕೊಳ್ಳುವ ದಾರದ ಕಸ ಕೆರೆಯುವುದಕ್ಕೆ ಹೇಳಿ ಮಾಡಿಸಿದ ಹಾಗಿದೆ ಎಂದು ಹೊಗಳಿದರು ಕೂಡ. ಅವರು ಹೊಲಿಗೆ ಯಂತ್ರ ರಿಪೇರಿ ಮಾಡುವವರು. ಗ್ರಂಥಾಲಯದ ಮೆಟ್ಟಿಲು ಹತ್ತಿದ್ದು ಒಂದೇ ಸಲ, ಬೈಂಡಿಂಗ್ ಯಂತ್ರ ಕೆಟ್ಟಾಗ. ಅವತ್ತು ಕಪಾಟುಗಳನ್ನು ನೋಡಿ, "ಇಷ್ಟೂ ಧೂಳು ಯಾರು ಒರೆಸ್ತಾರಮ್ಮ?" ಎಂದು ಕೇಳಿದ್ದರು.

ಮೊದಲೆಲ್ಲ ಪುಸ್ತಕದ ಹಿಂದಿನ ಚೀಟಿಗೆ ತಾರೀಕಿನ ಮುದ್ರೆ ಒತ್ತಿದರೆ ಮುಗಿಯಿತು. ಆಮೇಲೆ ಕಂಪ್ಯೂಟರ್ ಬಂತು. ಅದರ ಬೆನ್ನಿಗೇ ಸರ್ಕಾರ 'ಓದುಗರ ಹಿತರಕ್ಷಣಾ ವಿಭಾಗ' ತೆರೆಯಿತು. ಹೆಸರು ಕೇಳಿ ಕೆಲವರು ಉಚಿತ ಕನ್ನಡಕಕ್ಕೆ ಅರ್ಜಿ ಹಾಕಿದರು. ವಿಭಾಗಕ್ಕೆ ಬೇಕಾಗಿದ್ದದ್ದು ಯಾರು ಯಾವ ಪುಸ್ತಕ ಒಯ್ದರು ಎಂಬುದಷ್ಟೇ. ಇವಳು ಮುದ್ರೆ ಒತ್ತುತ್ತಿದ್ದ ಅಭ್ಯಾಸದಲ್ಲೇ ಕಂಪ್ಯೂಟರಿನ ಗುಂಡಿಯನ್ನೂ ಒತ್ತಿದಳು. ಬಂದರು ಕೂಲಿಗಳ ಮುಷ್ಕರದ ಚರಿತ್ರೆ, ಕೈದಿಗಳ ಹಕ್ಕುಗಳ ಮೇಲೊಂದು ದಪ್ಪನೆಯ ವ್ಯಾಖ್ಯಾನ, ಗಡಿಪಾರಾದವನೊಬ್ಬನ ಪದ್ಯಗಳು, ಬಂಡಾಯವೆದ್ದ ನಾವಿಕನ ಆತ್ಮಕಥೆ, ಹೀಗೆ ಹನ್ನೆರಡು. ಒಂದೊಂದನ್ನೂ ಊಟದ ಬಿಡುವಿನಲ್ಲಿ ಕೌಂಟರಿನ ಹಿಂದೆ ಕೂತು ಓದಿದ್ದಳು. ನಾವಿಕನದನ್ನು ಮೂರು ಸಲ. ಮೂರೂ ಸಲ ಕೊನೆಯ ಅಧ್ಯಾಯಕ್ಕೆ ಬಂದಾಗ ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಗಿತ್ತು.

ಅಕ್ಕ ಎಲ್ಲ ಕೇಳಿಸಿಕೊಂಡಳು.

"ಅಂದ್ರೆ, ಪುಸ್ತಕ ಉಳಿಸೋಕೆ ನನ್ನ ಗಂಡನ್ನ ಕೊಟ್ಟೆ."

"ಹಾಗಾಗುತ್ತೆ ಅಂತ ಗೊತ್ತಿರಲಿಲ್ಲ ಅಕ್ಕ. ಈಗ್ಲೇ ಹೋಗಿ ಎಲ್ಲಾ ಹೇಳಿಬಿಡ್ತೀನಿ."

"ನಿನ್ನ ಕೆಲಸ ಹೋಗುತ್ತೆ."

"ಹೋಗ್ಲಿ."

"ನಿನ್ನನ್ನೂ ಒಳಗೆ ಹಾಕ್ತಾರೆ."

"ಹಾಕ್ಲಿ."

"ಹಾಕ್ಲಿ," ಎಂದಳು ಅಕ್ಕನೂ, ಕಣ್ಣೊರೆಸಿಕೊಳ್ಳುತ್ತ. ಅದರಲ್ಲಿ ಕೋಪವಿರಲಿಲ್ಲ, ನ್ಯಾಯವಾದ ಬೆಲೆಗೆ ಒಪ್ಪಿಕೊಂಡಂತಿತ್ತು.

ವಿಭಾಗದ ಕಚೇರಿ ಹೊಸದಾಗಿ ಸುಣ್ಣ ಬಳಿದ ಎರಡಂತಸ್ತಿನ ಕಟ್ಟಡದಲ್ಲಿತ್ತು. ಅಕ್ಕನನ್ನು ಕೆಳಗೆ ಬೆಂಚಿನ ಮೇಲೆ ಕೂರಿಸಿ ಇವಳೊಬ್ಬಳನ್ನೇ ಮೇಲೆ ಕಳಿಸಿದರು. ಅಧಿಕಾರಿ ಎದ್ದು ನಿಂತು ಕುರ್ಚಿ ತೋರಿಸಿದ. ಟೀ ತರಿಸಿದ. ಅವನ ಹಿಂದಿನ ಕಪಾಟಿನಲ್ಲಿದ್ದ ಪುಸ್ತಕಗಳು ಅಕಾರಾದಿಯಾಗಿ, ಬೆನ್ನುಗಳೆಲ್ಲ ಒಂದೇ ಗೆರೆಗೆ ಬರುವ ಹಾಗೆ ಜೋಡಿಸಿದ್ದವು. ಅವಳ ಗ್ರಂಥಾಲಯದಲ್ಲೂ ಅಷ್ಟು ಓರಣವಿರಲಿಲ್ಲ. ಇಂಥವನ ಹತ್ತಿರ ಮಾತಾಡಬಹುದು ಅನ್ನಿಸಿ ಅವಳಿಗೆ ಧೈರ್ಯ ಬಂತು. ಲಾರಿಯ ಕಥೆ, ಸತ್ತ ಪುಸ್ತಕದ ಕಥೆ, ಕಾರ್ಡಿನ ಕಥೆ, ಒಂದನ್ನೂ ಬಿಡದೆ ಹೇಳಿದಳು.

"ಮೊಟ್ಟೆ ತಟ್ಟೆ!" ಎಂದು ಅಧಿಕಾರಿ ನಿಜಕ್ಕೂ ನೊಂದುಕೊಂಡ. "ಛೆ. ಒಳ್ಳೇ ಕೆಲಸ ಮಾಡಿದ್ರಿ ಮೇಡಂ. ಪುಸ್ತಕ ಉಳಿಸೋರು ಬೇಕು." ಮೇಜಿನ ಡ್ರಾಯರಿನಿಂದ ಭಾವನ ಕಾರ್ಡು ತೆಗೆದು ಅವಳ ಮುಂದಿಟ್ಟ. ನಾಲ್ಕೂ ಅಂಚು ಸವೆದು ದುಂಡಗಾಗಿತ್ತು. "ಆದ್ರೆ ಇದನ್ನ ನೋಡಿ. ಉಪಯೋಗಿಸದೆ ಇರೋ ಕಾರ್ಡು ಇಷ್ಟು ಸವೆಯುತ್ತಾ?"

"ಅದರಲ್ಲಿ ಅವರು ಮಿಷನ್ನಿನ ಕಸ ಕೆರೀತಾರೆ ಸಾರ್."

"ಇರಬಹುದು." ಅವನು ನಗಲಿಲ್ಲ. "ಇನ್ನೊಂದು ಸಣ್ಣ ವಿಷಯ. ಲಾರಿಗೆ ಹೋಗೋ ಪುಸ್ತಕ ಸಾವಿರಾರು ಇದ್ವು. ನೀವು ಹನ್ನೆರಡು ಎತ್ತಿಟ್ರಿ. ಈ ಹನ್ನೆರಡನ್ನೇ ಯಾಕೆ?"

ಅವಳು ಟೀ ಲೋಟದ ಅಂಚನ್ನು ನೋಡಿದಳು.

"ಓದಿ ಮೆಚ್ಚಿಕೊಂಡಿದ್ದಕ್ಕೆ, ಅಲ್ವಾ? ತಪ್ಪೇನಿಲ್ಲ, ನಾನೂ ಓದ್ತೀನಿ. ಗ್ರಂಥಪಾಲಕರು ಊಟದ ಹೊತ್ತಲ್ಲಿ ಏನು ಓದ್ತಾರೆ ಅನ್ನೋದು ನಮ್ಮ ಕಂಪ್ಯೂಟರಿಗೆ ಗೊತ್ತಾಗೋದಿಲ್ಲ, ಅದೊಂದು ಕೊರತೆ ನೋಡಿ. ನೀವು ಓದಿದ್ದು ಅಂತ ಹೇಳಿಬಿಡಿ. ಆಗ ನಿಮ್ಮ ಮಾತಿಗೆ ಅರ್ಥ ಬರುತ್ತೆ. ಅವರನ್ನ ಬಿಟ್ಟುಬಿಡ್ತೀವಿ."

ಕೆಲಸ ಹೋಗಲಿ ಎಂದು ಅವಳು ತೀರ್ಮಾನ ಮಾಡಿಕೊಂಡೇ ಬಂದಿದ್ದಳು. ಸುಳ್ಳು ದಾಖಲೆಗೆ ಎಂಥ ಶಿಕ್ಷೆ ಎಂಬುದನ್ನೂ ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದಳು. ಆದರೆ ಇದು ಬೇರೆ. ಸುಳ್ಳು ಬರೆದದ್ದು ಕೈಯ ತಪ್ಪು. ಇವನು ಕೇಳುತ್ತಿರುವುದು ತಲೆಯೊಳಗಿರುವುದನ್ನು. ಅವನ ಬೆರಳು ಪೆನ್ನಿನ ಮುಚ್ಚಳದ ಮೇಲಿತ್ತು. ಆ ಮುಚ್ಚಳ ಟಕ್ಕೆಂದು ಬಿಚ್ಚಿಕೊಂಡದ್ದೇ ತಡ, ಅವಳ ಬಾಯಿ ಅವಳನ್ನು ಕೇಳದೆಯೇ ಮಾತಾಡಿತು.

"ಇಲ್ಲ ಸಾರ್. ನಾನು ಒಂದೂ ಓದಿಲ್ಲ. ಕೈಗೆ ಸಿಕ್ಕಿದ್ದನ್ನ ಎತ್ತಿಟ್ಟೆ."

"ಓದದೆ ಇರೋ ಪುಸ್ತಕಕ್ಕಾಗಿ ಕೆಲಸ ಕಳ್ಕೊಳ್ಳೋಕೆ ಬಂದ್ರಿ?" ಅವನು ಮುಚ್ಚಳ ಮತ್ತೆ ಹಾಕಿದ. "ಪಾಪ. ಅಕ್ಕನ ಮೇಲಿನ ಪ್ರೀತಿಗೆ ಬಂದಿದೀರಿ. ಇಂಥವರು ವಾರಕ್ಕೆ ಮೂರ್ನಾಲ್ಕು ಜನ ಬರ್ತಾರೆ. ಒಬ್ಬರು ಅಪ್ಪನಿಗೆ ಕಣ್ಣೇ ಕಾಣಲ್ಲ ಅಂದ್ರು."

ಗಂಟೆ ಒತ್ತಿ ಭಾವನನ್ನು ಕರೆಸಿದ.

ಭಾವ ಒಳಗೆ ಬಂದಾಗ ಅಧಿಕಾರಿ ಮತ್ತೆ ಎದ್ದು ನಿಂತ. "ಬನ್ನಿ, ತಾವು ಕೂತ್ಕೊಳ್ಳಿ," ಎಂದ. ಭಾವ ಕೂತರು. ಅವರು ಕೂತ ರೀತಿ ನೋಡಿಯೇ ಗ್ರಂಥಪಾಲಕಿಗೆ ಏನೋ ಕೆಟ್ಟಿದೆ ಅನ್ನಿಸಿತು. ಭಾನುವಾರದ ಊಟಕ್ಕೆ ತವರಿನವರೆಲ್ಲ ಸೇರಿದಾಗ ಭಾವ ಯಾವಾಗಲೂ ಕುರ್ಚಿಯ ತುದಿಗೆ ಕೂರುತ್ತಿದ್ದರು. ಮೇಷ್ಟ್ರಾಗಿದ್ದ ಅಪ್ಪ ಬಡಿಸುವ ಮುಂಚೆಯೇ ಶುರು ಹಚ್ಚಿಕೊಳ್ಳುತ್ತಿದ್ದರು: "ಅಳಿಯಂದ್ರು ಈ ವಾರ ಏನು ಓದಿದ್ರೋ?" ಭಾವ ಭೋಳೆ ಸ್ವಭಾವದ ನಗು ನಗುತ್ತಿದ್ದರು. ಉಳಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಇವಳೂ ನಕ್ಕಿದ್ದಳು. ಅಕ್ಕನ ಮದುವೆಯಾದಾಗಿನಿಂದ ಆ ಮನೆಯಲ್ಲಿ ಅದೊಂದೇ ಹಾಸ್ಯ, ಹಳಸಿರಲಿಲ್ಲ.

ಇಲ್ಲಿ ಭಾವ ಬೆನ್ನು ಪೂರ್ತಿ ಒರಗಿಸಿ ಕೂತಿದ್ದರು.

"ನಿಮ್ಮ ನಾದಿನಿ ಹೇಳ್ತಿದಾರೆ," ಎಂದ ಅಧಿಕಾರಿ, "ತಾವು ಈ ಪುಸ್ತಕಗಳಲ್ಲಿ ಒಂದನ್ನೂ ಓದಿಲ್ಲವಂತೆ. ತಮಗೆ ಓದೋದೇ ಕಷ್ಟವಂತೆ."

"ಹೇಳಿಬಿಡಿ ಭಾವ," ಎಂದಳು ಅವಳು. "ನಿಮಗೆ ಓದೋ ಅಭ್ಯಾಸ ಇಲ್ಲ ಅಂತ ಹೇಳಿಬಿಡಿ. ಮನೆಗೆ ಹೋಗೋಣ."

ಭಾವ ಅವಳನ್ನು ನೋಡಿದರು. ಯಂತ್ರದ ತಳ ಬಿಚ್ಚಿ ಎಲ್ಲಿ ಕೆಟ್ಟಿದೆಯೆಂದು ಹುಡುಕುವಾಗ ನೋಡುವ ಹಾಗೆ, ಆತುರವಿಲ್ಲದೆ.

"ಇವರ ಮನೇಲಿ ನಾನು ದಡ್ಡ ಅಂತಲೇ ಲೆಕ್ಕ ಸಾರ್," ಎಂದರು. "ಮೊದಲಿಂದ್ಲೂ ಹಂಗೇ. ನೀವು ಬೇಜಾರು ಮಾಡ್ಕೋಬೇಡಿ. ಓದಿದೀನಿ."

"ಭಾವ!"

"ಓದಿದೀನಮ್ಮ. ನಿಮಗೆಲ್ಲ ಹೇಳ್ಕೊಂಡು ಓದ್ಬೇಕಿತ್ತಾ?"

"ಏನಿದೆ ಅದರಲ್ಲಿ, ಕೇಳಿ ಸಾರ್, ಒಂದು ಮಾತು ಹೇಳೋಕೆ ಬಂದ್ರೆ..."

"ಕೇಳಿದ್ವಿ," ಎಂದ ಅಧಿಕಾರಿ. "ಹೆಸರು, ವಿಷಯ ಎಲ್ಲಾ ಓದಿ ಹೇಳಿದ್ವಿ, ಒಂದಕ್ಕೂ ಬಾಯಿ ಬಿಡಲಿಲ್ಲ. ದೊಡ್ಡ ಓದುಗರು ಬಿಡೋದೂ ಇಲ್ಲ." ಆ ಮಾತಿನಲ್ಲಿದ್ದ ಗೌರವ ಸುಳ್ಳಲ್ಲ. ಅದು ಭಾವನ ಮುಖಕ್ಕೆ ಇಳಿದು, ಅಲ್ಲಿ ಅರಳಿದ್ದನ್ನು ಗ್ರಂಥಪಾಲಕಿ ಕಣ್ಣಾರೆ ಕಂಡಳು.

ಅವರನ್ನು ಕರೆದೊಯ್ದ ಮೇಲೆ ಅಧಿಕಾರಿ ಬಾಗಿಲವರೆಗೂ ಬಂದು ಅವಳನ್ನು ಬೀಳ್ಕೊಟ್ಟ. "ನೀವು ಕೆಲಸಕ್ಕೆ ಹೋಗಿ ಮೇಡಂ. ಬಾಗಿಲು ಹಾಕ್ಕೊಂಡು ಬಂದಿದೀರಂತೆ, ಜನ ಬಂದು ವಾಪಸ್ಸು ಹೋಗ್ತಾರೆ. ಜನ ಓದ್ಬೇಕು. ಓದದೆ ಹೋದ್ರೆ ಅವರ ತಲೇಲಿ ಏನಿದೆ ಅಂತ ನಮಗೆ ಗೊತ್ತಾಗೋದಾದ್ರೂ ಹೇಗೆ?"

ಕೆಳಗೆ ಅಕ್ಕ ಬೆಂಚಿನಿಂದ ಎದ್ದು ನಿಂತಿದ್ದಳು. "ಹೇಳಿದೆಯಾ?"

"ಹೇಳಿದೆ. ಭಾವನೇ ಓದಿದ್ದೀನಿ ಅಂತ ಒಪ್ಕೊಂಡ್ಬಿಟ್ರು."

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅಕ್ಕ ಅವಳ ಮುಖವನ್ನೇ ನೋಡುತ್ತ ನಿಂತಳು. ಯಾರ ಮಾತು ನಂಬಬೇಕೆಂದು ಅವಳಿಗೆ ಅಂದೂ ತಿಳಿಯಲಿಲ್ಲ, ಆಮೇಲೂ ತಿಳಿಯಲಿಲ್ಲ. ಕೆಲವು ದಿನ ತಂಗಿಯನ್ನು ಶಪಿಸುತ್ತಿದ್ದಳು. ಕೆಲವು ದಿನ, ಇಷ್ಟು ವರ್ಷ ಪಕ್ಕದಲ್ಲೇ ಮಲಗಿ ನನಗೆ ಗೊತ್ತಾಗದ ಹಾಗೆ ಯಾವಾಗ ಓದುತ್ತಿದ್ದರು ಎಂದು ಗಂಡನನ್ನು. ಅಂಗಡಿಯ ಯಂತ್ರಗಳನ್ನೆಲ್ಲ ಮಾರಿದಳು.

ಭಾವನಿಗೆ ಎರಡು ವರ್ಷ ಸುಧಾರಣಾ ಕೇಂದ್ರ ಎಂದಾಯಿತು. ಗ್ರಂಥಪಾಲಕಿ ಭೇಟಿಗೆ ಹೋಗುವಷ್ಟು ಗಟ್ಟಿಯಾಗಲು ಮಳೆಗಾಲ ಮುಗಿಯಬೇಕಾಯಿತು.

ಜಾಲರಿಯ ಆಚೆ ಭಾವ ಬಂದು ಕೂತರು. ತೂಕ ಇಳಿದಿತ್ತು. ಉಗುರಿನ ಸಂದಿಯಲ್ಲಿ ಸದಾ ಇರುತ್ತಿದ್ದ ಎಣ್ಣೆಯ ಕಪ್ಪು ಹೋಗಿ ಕೈಗಳು ಯಾರವೋ ಅನ್ನಿಸುತ್ತಿದ್ದವು. ಕೋಣೆಯ ಮೂಲೆಯಲ್ಲಿ ಕಾವಲಿನವನೊಬ್ಬ ಮೊಣಕಾಲ ಮೇಲೆ ಕಾಗದ ಸಿಕ್ಕಿಸಿದ ರಟ್ಟು ಇಟ್ಟುಕೊಂಡಿದ್ದ. "ಮನೆ ವಿಚಾರ ಎಷ್ಟು ಬೇಕಾದ್ರೂ ಮಾತಾಡಿ," ಎಂದ ಅವನು, ಒಳ್ಳೆಯ ಮನಸ್ಸಿನಿಂದಲೇ. "ಪುಸ್ತಕದ ಸುದ್ದಿ ಎತ್ತಿದ್ರೆ ನಾನು ಬರ್ಕೋಬೇಕು. ಬರ್ಕೊಂಡ್ರೆ ಇವರ ಅವಧಿ ಬೆಳೆಯುತ್ತೆ. ಆಮೇಲೆ ನನ್ನ ಬೈಕೋಬೇಡಿ."

ಆ ಹೊತ್ತಿಗೆ ಹೊರಗಿನ ಓಣಿಯಲ್ಲಿ ಕೈದಿಗಳ ಸಾಲೊಂದು ಹಾದುಹೋಯಿತು. ಅದರಲ್ಲೊಬ್ಬ ಒಳಗೆ ಇಣುಕಿ, "ಮೇಷ್ಟ್ರೇ, ಸಂಜೆಗೆ ಮುಂದಿನ ಭಾಗ!" ಎಂದು ಕೂಗಿದ. ಭಾವ ಕೈ ಎತ್ತಿದರು.

"ನನ್ನನ್ನೇ ಕರೆದಿದ್ದು," ಎಂದರು ಅವಳಿಗೆ. ಆಮೇಲೆ ಜಾಲರಿಗೆ ಮುಖ ಹತ್ತಿರ ತಂದು, "ಒಂದು ಕೇಳ್ಬೇಕಿತ್ತು ಕಣಮ್ಮ. ಆ ಹಡಗಿನವನ ಪುಸ್ತಕ ಇದೆಯಲ್ಲ, ಬಂಡಾಯ ಏಳ್ತಾನಲ್ಲ. ಇಲ್ಲಿ ಎಲ್ರಿಗೂ ಹೇಳ್ತಾ ಬಂದಿದೀನಿ. ಕೊನೇಲಿ ಅವನಿಗೆ ಏನಾಗುತ್ತೆ?"

ಮೂಲೆಯಲ್ಲಿ ಪೆನ್ನಿನ ಮುಚ್ಚಳ ಬಿಚ್ಚಿಕೊಂಡ ಸದ್ದಾಯಿತು.

ಕೊನೆಯ ಅಧ್ಯಾಯ ಅವಳಿಗೆ ಕಣ್ಣಿಗೆ ಕಟ್ಟಿದ ಹಾಗಿತ್ತು. "ನಂಗೇನು ಗೊತ್ತು ಭಾವ," ಎಂದಳು. "ನಾನು ಓದಿಲ್ಲ."

"ಅಷ್ಟು ಪುಸ್ತಕದ ಮಧ್ಯ ಕೂತ್ಕೊಂಡು!" ಭಾವ ನಕ್ಕರು. ಹಂಗಿಸುವ ನಗೆಯಲ್ಲ, ತುಂಬ ಪ್ರೀತಿಯಿಂದ, ಚಿಕ್ಕವರನ್ನು ಕಂಡು ದೊಡ್ಡವರು ನಗುವ ಹಾಗೆ. "ಹೋಗ್ಲಿ ಬಿಡು. ನಾನೇ ಹೇಳ್ತೀನಿ, ಕೇಳು."

"ಬೇಡ ಭಾವ. ಅವರು ಬರ್ಕೋತಾರೆ."

"ಬರ್ಕೊಳ್ಳಲಿ. ಯಾರೋ ಒಬ್ರು ಬರ್ಕೊಳ್ಳೋದು ಒಳ್ಳೇದೇ." ಅವರು ಗಂಟಲು ಸರಿಮಾಡಿಕೊಂಡರು. "ಸಮುದ್ರದ ನಡುವೆ ಹಡಗು ನಿಂತುಬಿಡುತ್ತೆ. ಕ್ಯಾಪ್ಟನ್ನು ಎಲ್ರನ್ನೂ ಬಯ್ತಾನೆ. ಆಗ ಇವನು ಕೆಳಗಿಳಿದು ಎಂಜಿನ್ ಬಿಚ್ಚಿ ನೋಡ್ತಾನೆ..."

ಆ ಪುಸ್ತಕದಲ್ಲಿ ಎಂಜಿನ್ನೇ ಇಲ್ಲ, ಅದು ಹಾಯಿಹಡಗು. ಅಷ್ಟನ್ನು ಬಾಯಿಬಿಟ್ಟು ಹೇಳಿದ್ದರೆ ಸಾಕಿತ್ತು, ಭಾವ ಅದನ್ನು ಓದಿಲ್ಲವೆಂಬುದು ಆ ಕಾಗದದ ಮೇಲೇ ಸಾಬೀತಾಗುತ್ತಿತ್ತು. ಆದರೆ ಹಡಗು ಹಾಯಿಯದೆಂದು ನಿಮಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತಿತ್ತು. ಗ್ರಂಥಪಾಲಕಿ ತುಟಿ ಒದ್ದೆ ಮಾಡಿಕೊಂಡಳು. ತಲೆಯಾಡಿಸುತ್ತ ಕೇಳಿದಳು.

ಕಾವಲಿನವನ ಕೈ ನಿಧಾನದ್ದು. ಒಂದೊಂದು ವಾಕ್ಯ ಮುಗಿದಲ್ಲೂ ಭಾವ ತಡೆದು, ಅತ್ತ ತಿರುಗಿ, ಪೆನ್ನು ನಿಲ್ಲುವವರೆಗೆ ಕಾದು, ಆಮೇಲೆ ಮುಂದಿನದಕ್ಕೆ ಹೋಗುತ್ತಿದ್ದರು.