ಸಿದ್ದಬಸಪ್ಪನ ಪಥ್ಯ

ಮಲ್ಲಂದೂರಿನ ಕಾಫಿ ಎಸ್ಟೇಟಿನಲ್ಲಿ ಮೇಸ್ತ್ರಿ ಸಿದ್ದಬಸಪ್ಪ ಒಂದು ಕೂಗು ಹಾಕಿದರೆ ಗುಡ್ಡದಾಚೆ ಹಣ್ಣು ಕೊಯ್ಯುವವರೂ ತಲೆ ಎತ್ತುತ್ತಿದ್ದರು. ಅಂಥ ಮನುಷ್ಯ ಈಗ ನೀರು ಕೇಳಿದರೆ ಅಡುಗೆಮನೆಯಲ್ಲಿದ್ದ ಹೆಂಡತಿ ಸರ್ವಮಂಗಳಾಗೆ ಕೇಳಿಸುತ್ತಿರಲಿಲ್ಲ. ಕೇಳಿಸಿದರೂ ಆಕೆ ಕೊಡುತ್ತಿರಲಿಲ್ಲ.

ಕರುಳಿನಲ್ಲಿ ಗಡ್ಡೆಯಾಗಿ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು, ಕೆಟ್ಟ ಭಾಗ ತೆಗೆದು ಹೊಲಿದಿದ್ದರು. ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ್ದೆಲ್ಲ ಗಾಬರಿಯಲ್ಲಿ ಸರ್ವಮಂಗಳಾಗೆ ಮರೆತೇಹೋಯಿತು. ಹೊಟ್ಟೆ ಕೊಯ್ದವರಿಗೂ ಬಾಣಂತಿಗೂ ಪಥ್ಯ ಒಂದೇ ಎಂದರು ಅತ್ತೆ ದೇವೀರಮ್ಮ. ಸರಿ, ನೀರು ಅಳತೆಯಲ್ಲಿ. ಬೇಳೆ, ಮೊಟ್ಟೆ, ಮೀನು ಎಲ್ಲ ನಂಜು. ಹೊಲಿಗೆ ಕೀವಾದರೆ ಯಾರು ಹೊಣೆ? ಬಿಸಿ ಅನ್ನ, ಕಾಳುಮೆಣಸಿನ ಸಾರು, ಅಷ್ಟೇ. ಅದು ಸಾಲದೆಂಬಂತೆ ಕಂಬಳಿ ಹೊದಿಸಿ ಮಲಗಿಸಿಯೇ ಇಟ್ಟರು.

ಸಿದ್ದಬಸಪ್ಪ ಎರಡು ತುತ್ತಿಗೇ ತಟ್ಟೆ ಸರಿಸುತ್ತಿದ್ದ. ಕೆನ್ನೆ ಒಳಗೆ ಹೋಯಿತು, ಪಂಚೆ ಸೊಂಟದಲ್ಲಿ ನಿಲ್ಲದಾಯಿತು. ಹಸಿವಾದರೆ ತಾನೇ ಕೇಳುತ್ತಾನೆ ಎಂದು ಸರ್ವಮಂಗಳಾ ಕಾದಳು. ಅವನು ಕೇಳಲೇ ಇಲ್ಲ. ಒಂದು ಮಧ್ಯಾಹ್ನ ಗೋಡೆಯತ್ತ ಮುಖ ತಿರುಗಿಸಿ, "ಸಾಕು ಮಾರಾಯ್ತಿ. ನನ್ನ ಅನ್ನದ ಋಣ ಮುಗೀತು ಅನ್ಸುತ್ತೆ" ಎಂದ. ಆಕೆ ಹಿತ್ತಲಿಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

ನೆರೆಮನೆಯ ಮಹಮೂದಾ ಅದನ್ನು ಕಂಡು ಬೇಲಿ ದಾಟಿ ಬಂದಳು. ಅವಳ ಗಂಡ ಮೊಯ್ದುಗೂ ಹೋದ ವರ್ಷ ಇಂಥದೇ ಆಪರೇಶನ್ ಆಗಿತ್ತು. ಏನೇನು ಕೊಡುತ್ತಿದ್ದೀರಿ ಎಂದು ವಿಚಾರಿಸಿದಳು.

"ಮಂಗಳಕ್ಕ, ಬೇಜಾರು ಮಾಡ್ಕೋಬೇಡಿ. ಅಣ್ಣ ಉಪವಾಸದಿಂದ್ಲೇ ಸೊರಗ್ತಾ ಇದಾರೆ."

ಸರ್ವಮಂಗಳಾಗೆ ಮೈ ಉರಿಯಿತು. "ಮೊಟ್ಟೆ ತಿನ್ಸಿ ಹೊಲಿಗೆ ಬಿಟ್ರೆ ನೀವು ಬಂದು ನೋಡ್ತೀರಾ?"

"ನನ್ನ ಮಾತು ನಂಬೋದು ಬೇಡ. ಡಾಕ್ಟ್ರನ್ನೇ ಕೇಳಿ."

ಸರ್ವಮಂಗಳಾ ಆಸ್ಪತ್ರೆಗೆ ಫೋನ್ ಮಾಡಿ ಎಲ್ಲ ಹೇಳಿದಳು. ಡಾಕ್ಟರು ಬೈಯಲಿಲ್ಲ. ಕೊಯ್ದ ಕರುಳು ಮೆಲ್ಲಗೆ ಕೆಲಸಕ್ಕೆ ಬರುತ್ತದೆ, ಹಸಿವು ಬರುವುದು ಇನ್ನೂ ತಡ, ಅದಕ್ಕಾಗಿ ಕಾಯಬೇಡಿ ಎಂದರು. ಮೆತ್ತನೆಯ ಅನ್ನ, ಮೊಸರು, ಇಡ್ಲಿ, ಬೇಯಿಸಿದ ಮೊಟ್ಟೆ ಸ್ವಲ್ಪ ಸ್ವಲ್ಪವೇ, ಆಗಾಗ ಕೊಡಿ. ಗಾಯ ಮಾಯುವುದೇ ಅಂಥ ಊಟದಿಂದ. ಖಾರ, ಕರಿದದ್ದು, ಹಲಸು ಸದ್ಯಕ್ಕೆ ಬೇಡ. ನೀರು ದಿನವಿಡೀ ಗುಟುಕು ಗುಟುಕಾಗಿ. ಅಂಗಳದಲ್ಲಿ ನಿಧಾನ ನಡೆಸಿದರೆ ಕರುಳೂ ಚುರುಕಾಗುತ್ತದೆ. ಇಷ್ಟು ಸೊರಗಿದ್ದರೆ ನಾಳೆಯೇ ಕರೆತನ್ನಿ, ನೋಡಬೇಕು ಎಂದರು.

ಸರ್ವಮಂಗಳಾ ಫೋನ್ ಕೆಳಗಿಟ್ಟಳು. "ಅವ್ರನ್ನ ನಾನೇ ಒಣಗಿಸ್ಬಿಟ್ನಲ್ಲ."

ದೇವೀರಮ್ಮ ಎದ್ದು ಹೋಗಿ ಲೋಟದಲ್ಲಿ ನೀರು ತಂದು, ಮಗನ ತಲೆ ಎತ್ತಿ ತಾವೇ ಕುಡಿಸಿದರು.

ಮರುದಿನವೇ ಆಸ್ಪತ್ರೆಗೆ ಕರೆದೊಯ್ದು ತೋರಿಸಿಕೊಂಡು ಬಂದರು. ಸಿದ್ದಬಸಪ್ಪನಿಗೆ ಹಸಿವು ಇನ್ನೂ ಸರಿಯಾಗಿ ಬಂದಿಲ್ಲ. ಗೊಣಗುತ್ತಲೇ ಉಣ್ಣುತ್ತಾನೆ, ಅರ್ಧ ಬಿಡುತ್ತಾನೆ. ನಿನ್ನೆ ಮಾತ್ರ ಅಡುಗೆಮನೆಗೆ ಕೇಳಿಸುವಷ್ಟು ಗಟ್ಟಿಯಾಗಿ ಕರೆದ: "ಮಂಗಳಾ, ನೀರು."

ಅಕ್ಕ ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಕರುಳಿನ ಆಪರೇಶನ್ ಆದವರಿದ್ದರೆ ಹಳೇ ಪಥ್ಯ ಹಿಡಿಸಬೇಡಿ. ನೀರು ಅಳೆದು ಕೊಡುವುದು ಬಾಣಂತಿಗೂ ಒಳ್ಳೆಯದಲ್ಲ. ಏನು, ಎಷ್ಟು ಕೊಡಬೇಕೆಂದು ಡಾಕ್ಟರನ್ನೇ ಕೇಳಿ. ವಾಂತಿ, ಹೊಟ್ಟೆ ಉಬ್ಬರ, ಜೋರು ನೋವು, ಜ್ವರ, ಗಾಯದಲ್ಲಿ ಕೀವು ಕಂಡರೆ, ಗಾಳಿ-ಮಲ ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಮಲಗಿದವರು ಕೇಳಲಿ ಎಂದು ಮಾತ್ರ ಕಾಯಬೇಡಿ. ಕೇಳುವಷ್ಟು ಶಕ್ತಿ ಅವರಲ್ಲಿ ಇಲ್ಲದಿರಬಹುದು.