ನನ್ನನ್ನು ಒರೆಸುತ್ತಿದ್ದ ಕೈ

ನಾನು ಒಂದು ಕಠಾರಿ. ನಾನು ಹುಟ್ಟಿದ ಬಾಲಿ ದ್ವೀಪದಲ್ಲಿ ನನ್ನಂಥವರನ್ನು ಕ್ರಿಸ್ ಎನ್ನುತ್ತಾರೆ. ಆಗ ನನ್ನ ಮೈ ಹರಿದಾಡುವ ಹಾವಿನ ಹಾಗೆ ಅಲೆ ಅಲೆಯಾಗಿತ್ತು, ಎರಡೂ ಕಡೆ ಹರಿತವಿತ್ತು. ಈಗ ನನ್ನನ್ನು ನೋಡಿದರೆ ನೀವು ನಂಬಲಾರಿರಿ.

ನನ್ನ ಹುಟ್ಟು ಏಟಿನಿಂದಲೇ ಆಯಿತು. ಕಮ್ಮಾರ ತಿರ್ತ ಒಂದು ಸವೆದ ನೇಗಿಲ ಗುಳವನ್ನೂ, ಯಾರದೋ ಅಡುಗೆಮನೆಯ ಮುರುಕು ಚೂರಿಯನ್ನೂ, ಚಿತೆಯ ಬೂದಿಯಲ್ಲಿ ಸಿಕ್ಕ ಮೊಳೆಯನ್ನೂ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಒಂದರ ಮೇಲೊಂದಿಟ್ಟು ಬಡಿದ. ಗುಳಕ್ಕೆ ಮಣ್ಣಿನ ನೆನಪಿತ್ತು, ಚೂರಿಗೆ ಈರುಳ್ಳಿಯ ನೆನಪು, ಮೊಳೆಗೆ ಹೆಣದ ನೆನಪು. ಮೂರೂ ಕಿರುಚುತ್ತಾ ಬೆಸೆದುಕೊಂಡು ನಾನಾದವು.

ಕೊನೆಯ ಬೆಸುಗೆ ಹಾಕುವ ಹೊತ್ತಿಗೆ ಒಳಗಿನಿಂದ ಅವನ ಹೆಂಡತಿ ಕೂಗಿಕೊಂಡಳು. ಹೆರಿಗೆಯ ನೋವು. ತಿರ್ತ ಎತ್ತಿದ ಸುತ್ತಿಗೆಯನ್ನು ಬಿಸಾಡಿ ಓಡಿದ. ತಿರುಗಿ ಬಂದಾಗ ನಾನು ಆರಿ ಕಪ್ಪಗಾಗಿದ್ದೆ. ಅವನ ಮೊಣಕೈವರೆಗೂ ರಕ್ತ. ಹೆಂಡತಿ ಉಳಿದಿದ್ದಳು, ಮಗು ಉಳಿದಿರಲಿಲ್ಲ. ಅವನು ಮತ್ತೆ ಕಾಯಿಸಿ ಬೆಸೆದ. ಆದರೂ ನನ್ನ ನಡುಮೈಯಲ್ಲಿ ಕೂದಲೆಳೆಯಷ್ಟು ಗೆರೆ ಉಳಿಯಿತು. ತಿರ್ತ ಅದನ್ನು ಹೆಬ್ಬೆರಳಿನಿಂದ ಸವರಿ ನೋಡಿ, ನಾಚಿದವನಂತೆ ಮುಖ ತಿರುಗಿಸಿಕೊಂಡ.

ನನ್ನನ್ನು ಕೊಂಡವನು ರೆಂತಂಗ್ ಎಂಬ ಗಟ್ಟಿ ಆಳು. ಅವನು ದೇವಸ್ಥಾನದಲ್ಲಿ ಕಠಾರಿ ಹಿಡಿದು ಕುಣಿಯುವವನು. ಆ ಕುಣಿತದ ಬಗೆಯನ್ನು ನಿಮಗೆ ಹೇಳಬೇಕು. ರಾಂಗ್ಡಾ ಎಂದರೆ ಮಾಟಗಾತಿಯರ ರಾಣಿ. ಮುಖವಾಡ ತೊಟ್ಟವನೊಬ್ಬ ಅವಳಾಗಿ ಬರುತ್ತಾನೆ. ಕೋರೆಹಲ್ಲು, ಹೊಟ್ಟೆಯವರೆಗೆ ಜೋತ ನಾಲಿಗೆ, ಕೈಯಲ್ಲಿ ಒಂದು ಬಿಳಿ ಬಟ್ಟೆ. ಗಂಡಸರು ಕಠಾರಿ ಹಿರಿದು ಅವಳ ಮೇಲೆ ನುಗ್ಗುತ್ತಾರೆ. ಅವಳು ಬಟ್ಟೆ ಬೀಸುತ್ತಾಳೆ, ಕಠಾರಿಗಳು ಹಿಡಿದವರ ಎದೆಗೇ ತಿರುಗುತ್ತವೆ. ಆದರೆ ಊರಿನ ಕಾವಲು ದೈವ ಬಾರೊಂಗ್ ಮೈಮೇಲೆ ಬಂದವರಿಗೆ ಗಾಯವಾಗುವುದಿಲ್ಲ. ರೆಂತಂಗ್ ನನ್ನನ್ನು ಎದೆಗೆ ಒತ್ತಿ, ಇಡೀ ಮೈಭಾರ ಹಾಕಿ, ನೆಲಕ್ಕೆ ಬಿದ್ದು ಹೊರಳುತ್ತಿದ್ದ. ಅವನ ಕಣ್ಣು ಬಿಳುಚುತ್ತಿತ್ತು, ಬಾಯಲ್ಲಿ ನೊರೆ. ನನ್ನ ಮೈ ಬಿಲ್ಲಿನಂತೆ ಬಾಗುತ್ತಿತ್ತು. ಚರ್ಮ ಮಾತ್ರ ಹರಿಯುತ್ತಿರಲಿಲ್ಲ. ಯಾಕೆಂದು ನನಗೂ ಗೊತ್ತಿಲ್ಲ. ಆ ಎದೆಯ ಒಳಗಿನಿಂದ ಯಾರೋ ನನ್ನನ್ನು ತಡೆಯುತ್ತಿದ್ದರು, ಅಷ್ಟೇ.

ಕುಣಿತ ಮುಗಿದರೆ ನಾನು ಅವನ ಹೆಂಡತಿ ಸುಕ್ರಿಯ ಪಾಲು. ಆಯುಧಗಳಿಗೆ ಪೂಜೆಯಾಗುವ ದಿನ ಅವಳು ನಿಂಬೆರಸ ಹಚ್ಚಿ ನನ್ನನ್ನು ಒರೆಸುತ್ತಿದ್ದಳು. ಅಷ್ಟು ಮೆತ್ತನೆಯ ಕೈಯನ್ನು ನಾನು ಕಂಡಿರಲಿಲ್ಲ. ಆ ಕೈಯಲ್ಲಿ ಯಾವಾಗಲೂ ವೀಳ್ಯದೆಲೆ ಮತ್ತು ನಿಂಬೆಯ ವಾಸನೆ.

ಅವರ ಒಬ್ಬನೇ ಮಗ ಗೆಡೆ, ಕೂಸಾಗಿದ್ದಾಗ ಜ್ವರ ಬಂದು ನೀಲಿಗಟ್ಟಿದ. ಮದ್ದು ಹಿಡಿಯಲಿಲ್ಲ. ಒಂದು ಮುಸ್ಸಂಜೆ ಸುಕ್ರಿ ಕೂದಲು ಬಿಚ್ಚಿಕೊಂಡು ಒಬ್ಬಳೇ ಸುಡುಗಾಡಿನ ಕಡೆ ಹೋದದ್ದನ್ನು ಜಗಲಿಯ ಮೇಲಿನ ದೇವರ ಗೂಡಿನಿಂದ ನಾನು ನೋಡಿದೆ. ಮರುದಿನ ಮಗು ಹಾಲು ಕುಡಿಯಿತು. ರೆಂತಂಗ್ ಕುಣಿದಾಡಿದ. ಆದರೆ ಅಂದು ನನ್ನನ್ನು ಒರೆಸಿದ ಕೈ ತಣ್ಣಗಿತ್ತು, ಬಾವಿಯೊಳಗಿನ ಕಲ್ಲಿನ ಹಾಗೆ. ಆಮೇಲೆ ಅದು ಬೆಚ್ಚಗಾಗಲೇ ಇಲ್ಲ.

ರೆಂತಂಗ್ ಸತ್ತ ಮೇಲೆ ನಾನು ಗೆಡೆಯ ಸೊತ್ತಾದೆ. ಅವನಿಗೆ ಮದುವೆಯಾಯಿತು, ಶ್ರಿಯಾಸಿ ಹುಟ್ಟಿದಳು. ಅವಳು ಬೆಳೆಯುತ್ತಿದ್ದ ಕಾಲಕ್ಕೇ ಊರಿನಲ್ಲಿ ಎಳೆಗೂಸುಗಳು ಸಾಯತೊಡಗಿದವು. ಎದೆ ಹಾಲಿನ ವಾಸನೆ ಆರದ ಮಕ್ಕಳು, ಕತ್ತಿನಲ್ಲಿ ಒಂದು ಕಪ್ಪು ಗುರುತು, ಮೈಯಲ್ಲಿ ಒಂದು ತೊಟ್ಟು ರಕ್ತವಿಲ್ಲ. ಲೇಯಕ್ ಬಂದಿದೆ ಎಂದರು ಜನ. ಮಾಟ ಕಲಿತ ಮನುಷ್ಯರೇ ಲೇಯಕ್. ಹಗಲು ನಮ್ಮ ನಿಮ್ಮಂತೆ ಇರುತ್ತಾರೆ, ಹೊತ್ತು ಮುಳುಗಿದರೆ ಹಂದಿಯೋ ಕೋತಿಯೋ ಆಗಿ ಬಾಣಂತಿಯ ಮನೆ ಹುಡುಕುತ್ತಾರೆ. ಶ್ರಿಯಾಸಿಯ ಮೊದಲ ತಮ್ಮನೂ ಹಾಗೆಯೇ ಹೋದ. ಅವನನ್ನು ಮೊದಲು ನೋಡಿದವಳು ಅವಳೇ. ತೊಟ್ಟಿಲ ಬಟ್ಟೆ ಸರಿಸಿ, ನೋಡಿ, ಅದನ್ನು ಮತ್ತೆ ಹೊದಿಸಿ ಕೂತಿದ್ದಳು.

ಅವಳಿಗೆ ಹದಿನೈದಾದಾಗ ಇನ್ನೊಬ್ಬ ತಮ್ಮ ಹುಟ್ಟಿದ. ಬಾಲಿಯಲ್ಲಿ ಕೂಸನ್ನು ಕೆಲವು ತಿಂಗಳು ನೆಲಕ್ಕೆ ತಾಗಿಸುವುದಿಲ್ಲ. ಆಮೇಲೆ ಶಾಸ್ತ್ರ ಮಾಡಿ ಪಾದ ಮಣ್ಣಿಗೆ ಮುಟ್ಟಿಸುತ್ತಾರೆ. ಮುಟ್ಟಿಸಿದ ಮೇಲೆ ಅದು ಭೂಮಿಯ ಮಗು, ಲೇಯಕ್ ಕೈಗೆ ಸಿಗದು. ಅಲ್ಲಿಯವರೆಗೆ ತಮ್ಮನನ್ನು ಉಳಿಸಿಕೊಳ್ಳುವುದೊಂದೇ ಶ್ರಿಯಾಸಿಯ ಕೆಲಸವಾಯಿತು. ಅವಳು ಬಾಗಿಲಿಗೆ ಅಡ್ಡ ಮಲಗುತ್ತಿದ್ದಳು. ಅಜ್ಜಿ ಸುಕ್ರಿ ಮಾತ್ರ ಕೂಸನ್ನು ಮಡಿಲಿನಿಂದ ಇಳಿಸುತ್ತಿರಲಿಲ್ಲ. ದಾದೊಂಗ್, ನಿಮ್ಮ ಕಾಲು ಜೋಮು ಹಿಡಿಯೋಲ್ವಾ ಎಂದು ಮೊಮ್ಮಗಳು ಕೇಳಿದರೆ ನಗುತ್ತಿದ್ದಳು. ಅಲ್ಲಿ ಅಜ್ಜಿಯನ್ನು ದಾದೊಂಗ್ ಎನ್ನುತ್ತಾರೆ.

ಒಂದು ಸಂಜೆ ಸುಕ್ರಿ ಹೊಳೆಗೆ ಹೋಗಿದ್ದಳು. ಕೂಸು ತೊಟ್ಟಿಲಲ್ಲಿತ್ತು. ಅಂಗಳಕ್ಕೆ ಒಂದು ಬಿಳಿ ಹೆಣ್ಣು ಹಂದಿ ಬಂತು. ನಾಯಿ ಅದರ ಮೇಲೆ ಹಾರಿತು. ಹಂದಿ ನಾಯಿಯ ಹೊಟ್ಟೆಯನ್ನು ಬಟ್ಟೆ ಹರಿದ ಹಾಗೆ ಹರಿದು, ಒಂದು ಸಲವೂ ಸದ್ದು ಮಾಡದೆ ಮೆಟ್ಟಿಲೇರಿತು. ಶ್ರಿಯಾಸಿ ಗೂಡಿನಿಂದ ನನ್ನನ್ನು ಕಿತ್ತುಕೊಂಡು ಎರಡೂ ಕೈಯಿಂದ ಚುಚ್ಚಿದಳು. ಮುಂಗಾಲಿನೊಳಕ್ಕೆ ಇಳಿದೆ. ಮೂಳೆ ತಾಗಿತು, ಅದರುದ್ದಕ್ಕೂ ಜಾರಿ ಮಲಗಿದೆ. ಹಂದಿ ಹೆಂಗಸಿನ ದನಿಯಲ್ಲಿ ಕಿರುಚಿ ಬಿದಿರು ಮೆಳೆಯಲ್ಲಿ ಮರೆಯಾಯಿತು.

ನನ್ನ ಮೈತುಂಬ ರಕ್ತ. ತಣ್ಣನೆಯ ರಕ್ತ. ಅದಕ್ಕೆ ವೀಳ್ಯದೆಲೆ ಮತ್ತು ನಿಂಬೆಯ ವಾಸನೆಯಿತ್ತು.

ನನಗೆ ಗೊತ್ತಾಯಿತು. ಕಬ್ಬಿಣಕ್ಕೆ ಬಾಯಿಲ್ಲ.

ಸುಕ್ರಿ ಮನೆಗೆ ಬಂದಾಗ ಅವಳ ಕೈಗೆ ಬಟ್ಟೆ ಸುತ್ತಿತ್ತು. ಹೊಳೆಯಿಂದ ಬರುತ್ತಾ ನೆರೆಮನೆಗೆ ಹೋಗಿದ್ದೆ, ಬಾಳೆಹಣ್ಣು ಕರಿಯುವಾಗ ಎಣ್ಣೆ ಸಿಡಿಯಿತು ಎಂದಳು. ಯಾರೂ ಮತ್ತೆ ಕೇಳಲಿಲ್ಲ. ಯಾಕೆಂದರೆ ಮಾರನೆಯ ದಿನ ಊರಿನ ಕೊನೆಮನೆಯ ವಿಧವೆ ಮೆನ್ ರಿಪುಗ್ ಕುಂಟುತ್ತಾ ಸಂತೆಗೆ ಬಂದಳು. ಹಂದಿಯ ಕಾಲಿಗೆ ಗಾಯ, ಇವಳಿಗೂ ಕಾಲು ಕುಂಟು. ಜನಕ್ಕೆ ಅಷ್ಟು ಸಾಕಾಯಿತು. ಗದ್ದೆಯ ಬದುವಿನಲ್ಲಿ ಜಾರಿದೆ ಎಂದು ಅವಳು ಹೇಳಿಕೊಂಡದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳನ್ನು ಹೊಡೆಯಲು ಹೊರಟವರನ್ನು ಕೊನೆಗೆ ಪೂಜಾರಿ ತಡೆದ. ಮರುದಿನ ಮಧ್ಯಾಹ್ನ ಬಾರೊಂಗ್ ಇಳಿಯುತ್ತಾನೆ, ಅವನ ಮುಂದೆ ಅವಳು ಆಣೆಯ ನೀರು ಕುಡಿಯಲಿ, ತಪ್ಪಿದ್ದರೆ ಅದೇ ಶಿಕ್ಷಿಸುತ್ತದೆ ಎಂದ.

ಆ ಮಧ್ಯಾಹ್ನ ದೇವಸ್ಥಾನದ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೂಸಿನ ಶಾಸ್ತ್ರ ಅದರ ಮಾರನೆಯ ದಿನಕ್ಕಿತ್ತು. ಸುಕ್ರಿ ಆಲದ ಬುಡದಲ್ಲಿ ಅವನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಶ್ರಿಯಾಸಿ. ರಾಂಗ್ಡಾ ಬಂದಳು. ಗಂಡಸರು ಕೂಗುತ್ತಾ ನುಗ್ಗಿ, ತಮ್ಮ ಎದೆಗಳ ಮೇಲೆಯೇ ಕಠಾರಿ ಒತ್ತಿಕೊಂಡು ಹೊರಳಾಡಿದರು. ಗೆಡೆಯೂ ಅವರಲ್ಲಿದ್ದ, ಪೂಜಾರಿ ಕೊಟ್ಟ ಬೇರೊಂದು ಕಠಾರಿ ಹಿಡಿದು; ನಾನು ಪೂಜಾರಿಯ ಬಳಿಯೇ ಉಳಿದಿದ್ದೆ. ಆವೇಶ ಬಾರದ ಕೆಲವರು ಆಣೆಯ ನೀರಿಗೂ ಕಾಯದೆ ಮೆನ್ ರಿಪುಗ್‌ಳನ್ನು ಕೂದಲು ಹಿಡಿದು ಎಳೆತಂದರು. ಒಬ್ಬ ಬಿದಿರಿನಿಂದ ಅವಳ ಬಾಯಿಗೆ ಹೊಡೆದ. ಹಲ್ಲು ಉದುರಿದವು. ಇನ್ನೊಬ್ಬ ಕುಂಟುಗಾಲನ್ನೇ ತುಳಿದ.

ಆಗ ಸುಕ್ರಿ ಕೂಸಿನ ಮುಖದ ಮೇಲಿನ ನೊಣ ಓಡಿಸಲು ಕೈ ಬೀಸಿದಳು. ಸುತ್ತಿದ ಬಟ್ಟೆ ಜಾರಿತು. ಅಡಿಯಲ್ಲಿ ಅಲೆ ಅಲೆಯಾದ ಗಾಯ. ಯಾವ ಎಣ್ಣೆಯೂ ಹಾಗೆ ಸುಡುವುದಿಲ್ಲ. ಅದು ನನ್ನ ಮೈಯ ಅಚ್ಚು.

ಶ್ರಿಯಾಸಿ ನೋಡಿದಳು. ಹೇಳಿದರೆ ಯಾರು ನಂಬುತ್ತಾರೆ? ತಮ್ಮ ಇನ್ನೂ ಒಂದು ಸಂಜೆ ದಾಟಬೇಕು. ಉಳಿದ ಕಠಾರಿಗಳೆಲ್ಲ ಪೂಜಾರಿಯ ಬಳಿ, ಆವೇಶ ಬಂದವರಿಗೆ ಮಾತ್ರ ಕೊಡುತ್ತಾನೆ. ಅವಳು ಎದ್ದು ಮೈ ನಡುಗಿಸಿ ಚೀರಿದಳು, ಕಣ್ಣು ಮೇಲೆ ಮಾಡಿದಳು. ಹೆಂಗಸರ ಮೈಮೇಲೂ ದೈವ ಬರುವುದುಂಟು. ಪೂಜಾರಿ ನನ್ನನ್ನು ಅವಳ ಕೈಗಿಟ್ಟ. ಆ ಅಂಗೈ ಬೆವತಿತ್ತು, ನಾಡಿ ಮೊಲದಂತೆ ಓಡುತ್ತಿತ್ತು. ಒಳಗೆ ಯಾರೂ ಬಂದಿರಲಿಲ್ಲ. ಅವಳೊಬ್ಬಳೇ ಇದ್ದಳು.

ಅವಳು ಅಜ್ಜಿಯ ಮೇಲೆ ನುಗ್ಗಿದಳು. ಸುಕ್ರಿ ಕೂತಲ್ಲಿಂದ ಏಳಲಿಲ್ಲ. ಮೊಮ್ಮಗಳನ್ನು ಒಂದು ಗಳಿಗೆ ನೋಡಿ, ಮೆಲ್ಲಗೆ ಹೇಳಿದಳು:

"ನಿನ್ನ ಮೈಮೇಲೆ ಯಾರೂ ಬಂದಿಲ್ಲ ಅಲ್ವಾ ಮಗಾ?"

ಹಾಗೆಂದವಳೇ ಕೂಸಿನ ಬಿಳಿ ಹೊದಿಕೆ ಎಳೆದು ಬೀಸಿದಳು. ಶ್ರಿಯಾಸಿಯ ಮಣಿಕಟ್ಟು ಲಟಕ್ಕೆಂದು ತಿರುಗಿತು. ನನ್ನ ಮೊನೆ ಅವಳ ಎದೆಗೆ ಬಂತು. ಅವಳು ತೋಳು ಬಿಗಿದು ತಡೆದಳು, ಹಲ್ಲು ಕಚ್ಚಿದಳು. ಆಗಲಿಲ್ಲ. ಮುಖ ಅಡಿಯಾಗಿ ನನ್ನ ಮೇಲೆ ಬಿದ್ದಳು. ಈ ಎದೆಯ ಒಳಗಿನಿಂದ ನನ್ನನ್ನು ತಡೆಯುವವರು ಯಾರೂ ಇರಲಿಲ್ಲ. ಚರ್ಮ ಹರಿಯಿತು. ಬಿಸಿ ರಕ್ತ. ನಾನು ಪಕ್ಕೆಲುಬಿಗೆ ತಾಗಿ ಬಾಗಿದೆ, ಇನ್ನೂ ಬಾಗಿದೆ, ಆ ಕೂದಲೆಳೆಯ ಗೆರೆಯಲ್ಲಿ ಮುರಿದೆ.

ಮೊನೆ ಕಳಚಿ ಮಣ್ಣಿಗೆ ಬಿತ್ತು. ಶ್ರಿಯಾಸಿ ಹೊರಳಿ, ರಕ್ತದಲ್ಲಿ ತೊಯ್ದ ಕುಪ್ಪಸದಲ್ಲೇ ಅಜ್ಜಿಯ ಕಾಲು ತಬ್ಬಿಕೊಂಡಳು. ಹೊಡೆಯಲು ಅವಳಲ್ಲಿ ಏನೂ ಉಳಿದಿರಲಿಲ್ಲ.

"ದಾದೊಂಗ್, ಇವನನ್ನ ಬಿಡಿ. ಬೇಕಾದ್ರೆ ನನ್ನನ್ನ ತಗೊಳ್ಳಿ."

ಸುಕ್ರಿಯ ಕೈ ಗಾಳಿಯಲ್ಲೇ ನಿಂತಿತು. ತಾನೂ ಒಮ್ಮೆ ಸುಡುಗಾಡಿನಲ್ಲಿ ನಿಂತು ಇದೇ ಮಾತು ಆಡಿದ್ದಳೇನೋ. ಅವಳು ಆ ರಕ್ತವನ್ನು ನೋಡಿದಳು. ಅವಳ ಮೂಗಿನ ಹೊಳ್ಳೆ ಅರಳಿತು, ಬಾಯಲ್ಲಿ ನೀರೂರಿತು. ಅದು ತನಗೇ ತಿಳಿದು ಮುಖ ಬಿಳುಪಾಯಿತು.

"ಗೆಡೆ ಬದುಕಲಿ ಅಂತ ಹೋದೆ ಕಣೇ. ಹಸಿವು ನನ್ನ ಬೆನ್ನಿಗೇ ಬಂತು. ಎಷ್ಟೋ ವರ್ಷ ತಡ್ಕೊಂಡೆ, ಆಮೇಲೆ ಆಗ್ಲಿಲ್ಲ. ತಿಂದಷ್ಟೂ ಬೆಳೀತು."

ಹಾಗೆಂದು ಅವಳು ಬಾಗಿ, ಕೂಸಿನ ಎರಡೂ ಪಾದಗಳನ್ನು ಮಣ್ಣಿಗೆ ಊರಿದಳು. ನನ್ನ ಮುರಿದ ಮೊನೆಯ ಪಕ್ಕದಲ್ಲೇ. ಶಾಸ್ತ್ರದ ಮಾತನ್ನು ತಾನೇ ಹೇಳಿದಳು: ತಾಯೀ ಭೂಮೀ, ಇವನು ಇನ್ನು ನಿನ್ನವನು. ಕೂಸು ತಣ್ಣನೆಯ ಮಣ್ಣಿಗೆ ಬೆಚ್ಚಿ ಅತ್ತಿತು. ಸುಕ್ರಿ ಎದ್ದು, ಗಾಯದ ಕೈ ಎತ್ತಿ ಬಿದಿರು ಹಿಡಿದವರಿಗೆ ತೋರಿಸಿದಳು.

"ಅವಳನ್ನ ಬಿಟ್ಟುಬಿಡಿ. ನೀವು ಹುಡುಕ್ತಿರೋಳು ಇಲ್ಲಿದ್ದೀನಿ."

ಅವರು ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಎಳೆಗೂಸು ಕೈತಪ್ಪಿದ ಹಸಿವು ಅವಳನ್ನೇ ಒಳಗಿನಿಂದ ತಿಂದಿತು. ಬಾಯಿಂದ, ಮೂಗಿನಿಂದ ಕಪ್ಪು ರಕ್ತ ಸುರಿದು, ಅವಳು ಮುದುರಿ ಒಂದು ಹಿಡಿಯಷ್ಟಾಗಿ ಬಿದ್ದಳು. ಬಿದ್ದ ಕೈ ನನಗೆ ತಾಗಿತು. ಎಷ್ಟೋ ಕಾಲದ ಮೇಲೆ ಅದು ಬೆಚ್ಚಗಿತ್ತು.

ನನ್ನ ಮೊನೆಯನ್ನು ಅವಳ ಜೊತೆ ಸುಟ್ಟರು. ಬೂದಿಯೊಂದಿಗೆ ಅದು ಸಮುದ್ರ ಸೇರಿತು. ಹಿಡಿಯ ಕಡೆಯ ತುಂಡನ್ನು ಶ್ರಿಯಾಸಿ ತನ್ನ ಎದೆಯ ಗಾಯ ಮಾಗಿದ ಮೇಲೆ ಕುಲುಮೆಗೆ ಒಯ್ದು ಸಣ್ಣ ಚೂರಿ ಮಾಡಿಸಿಕೊಂಡಳು. ಈಗ ನಾನು ಪೂಜೆಯ ಬುಟ್ಟಿಗೆ ತೆಂಗಿನ ಎಳೆಗರಿ ಸೀಳುತ್ತೇನೆ, ನಡುನಡುವೆ ಈರುಳ್ಳಿಯನ್ನೂ. ಮೆನ್ ರಿಪುಗ್ ಸಾಯುವವರೆಗೂ ಅವಳಿಗೆ ಗಂಜಿ ಒಯ್ಯುತ್ತಿದ್ದವಳು ಶ್ರಿಯಾಸಿ. ಹೊಡೆದವರು ಆ ಬೀದಿಗೆ ಕಾಲಿಡಲಿಲ್ಲ.

ಶ್ರಿಯಾಸಿಯೂ ತಾಯಿಯಾದಳು. ಕಳೆದ ಮಳೆಗಾಲದಲ್ಲಿ ಅವಳ ಮಗಳು ಜ್ವರ ಬಂದು ನೀಲಿಗಟ್ಟಿದಳು. ಮದ್ದು ಹಿಡಿಯಲಿಲ್ಲ. ಮುಸ್ಸಂಜೆಗೆ ಶ್ರಿಯಾಸಿ ಕೂದಲು ಬಿಚ್ಚಿಕೊಂಡು ಅಂಗಳ ದಾಟಿ, ಸುಡುಗಾಡಿನ ದಾರಿ ಕಾಣುವ ಕಡೆ ನಿಂತಳು. ನಾನು ಅವಳ ಸೊಂಟದಲ್ಲಿದ್ದೆ. ಬಹಳ ಹೊತ್ತು ನಿಂತಳು. ಅವಳ ಕೈ ನನ್ನನ್ನು ಹುಡುಕಿತು. ಮುರಿದಲ್ಲಿ ತಿದ್ದಿದ ಅಂಚನ್ನು ಹೆಬ್ಬೆರಳು ಸವರಿತು, ತಿರ್ತ ಸವರಿದ ಹಾಗೆಯೇ. ಒಳಗಿನಿಂದ ಮಗು ನರಳಿತು. ಅವಳು ತಿರುಗಿ ಓಡಿದಳು.

ಮಗುವಿನ ಪಕ್ಕ ಕೂತು ಒದ್ದೆ ಬಟ್ಟೆ ಬದಲಿಸುತ್ತಾ, ನಡುವೆ ನನ್ನಿಂದ ಗರಿ ಸೀಳುತ್ತಾ ಇದ್ದಳು. ಬೆಳಕು ಹರಿಯುವಾಗ ಜ್ವರ ಇಳಿಯಿತು. ಸುಡುಗಾಡಿನಲ್ಲಿ ಯಾರೊಂದಿಗೂ ಒಪ್ಪಂದವಿಲ್ಲದೆ, ತಾನಾಗಿಯೇ.

ಆಮೇಲೆ ಅವಳು ನನ್ನನ್ನು ನಿಂಬೆರಸದಿಂದ ಒರೆಸಿದಳು. ಕೈ ಬೆಚ್ಚಗಿತ್ತು.